ಬೋಲ್ಟಿನ ತಲೆಯ ಮೇಲಿನ ಅಕ್ಷರ

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಇಪ್ಪತ್ತು ವರ್ಷಗಳಿಂದ ಬೇರೆಯವರ ಸಹಿ ನೋಡುವುದೇ ನನ್ನ ಮುಖ್ಯ ಕೆಲಸ. ಚೆಕ್ಕಿನ ಸಹಿಯೂ ನಮ್ಮಲ್ಲಿರುವ ಮಾದರಿ ಸಹಿಯೂ ಒಂದೇ ಎಂದು ನಾನು ಒಪ್ಪಿದರೆ ಹಣ ಹೊರಗೆ ಹೋಗುತ್ತದೆ, ಇಲ್ಲವಾದರೆ ಜಗಳ ಒಳಗೆ ಬರುತ್ತದೆ. ಹೀಗಿರುವ ನಾನು ಒಂದು ದಿನ ಅಪ್ಪನ ಜೀಪಿನ ಅಡಿಯಲ್ಲಿ ಗೋಣಿಚೀಲ ಹಾಸಿ ಅಂಗಾತ ಮಲಗಿ, ಬೋಲ್ಟುಗಳ ತಲೆಯ ಮೇಲೆ ಸಹಿ ಹುಡುಕುತ್ತೇನೆ ಎಂದು ಎಣಿಸಿರಲಿಲ್ಲ.

ಜೀಪು ನಮ್ಮ ಮನೆಗೆ ಬಂದದ್ದು 1982ರಲ್ಲಿ, ಸುಳ್ಯದ ಕಡೆಯ ಒಂದು ತೋಟದಿಂದ. ಅದು ಯುದ್ಧಕಾಲದ ಬಂಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳನ್ನು ಈ ದೇಶದಲ್ಲಿ ಮಾರಿದರಲ್ಲ, ಅವುಗಳಲ್ಲಿ ಒಂದು. ಅಪ್ಪ ಅದನ್ನು ಮುಳ್ಳೇರಿಯದಿಂದ ಒಳಗಿನ ಹಳ್ಳಿಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಒಳಗೆ ಎಂಟು ಜನ, ಹಿಂದೆ ನೇತಾಡುವವರು ನಾಲ್ಕು ಜನ, ಮೇಲೆ ಅಡಿಕೆ ಮೂಟೆ. ಡಾಮರು ಬಂದು ಬಸ್ಸು ಬಂದ ಮೇಲೆ ಜೀಪಿಗೆ ಕೆಲಸ ತಪ್ಪಿತು. ಕೊಟ್ಟಿಗೆಯ ಮೂಲೆಯಲ್ಲಿ ಅದು ಕೋಳಿಗಳಿಗೆ ಆಸರೆಯಾಯಿತು. ಮೂರು ವರ್ಷಗಳ ಹಿಂದೆ ಅಪ್ಪ ತೀರಿಕೊಂಡರು.

ತಮ್ಮ ಮಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ಸಾಲ ಇದೆ. ನನಗೆ ಮಗಳ ಕಾಲೇಜಿನ ಫೀಸು. ಹಳೆಯ ಜೀಪುಗಳಿಗೆ ಈಗ ಒಳ್ಳೆಯ ಬೆಲೆ ಎಂದು ಅವನಿಗೆ ಯಾರೋ ಹೇಳಿದರು. ಕೊಚ್ಚಿಯ ಕಡೆಯಿಂದ ಒಬ್ಬರು ನೋಡಲು ಬಂದರು. ನಾವು ಕುರ್ಚಿ ಹಾಕಿ ಚಹಾ ತರಿಸಿದೆವು. ಅವರು ಕುರ್ಚಿಯಲ್ಲಿ ಕೂರಲೇ ಇಲ್ಲ, ಟಾರ್ಚು ಹಿಡಿದು ನೇರ ಜೀಪಿನ ಅಡಿಗೆ ಹೋದರು. ಐದು ನಿಮಿಷದ ನಂತರ ಹೊರಗೆ ಬಂದು ಆರ್‌ಸಿ ಪುಸ್ತಕ ಕೇಳಿದರು. ಓದಿ ನಕ್ಕರು. “ಕಾಗದ ವಿಲ್ಲಿಸ್ ಎನ್ನುತ್ತದೆ, ಬಂಡಿ ಫೋರ್ಡ್” ಎಂದರು.

ಆ ಕತೆ ಹೀಗಿದೆ. ಜೀಪಿನ ವಿನ್ಯಾಸ ವಿಲ್ಲಿಸ್ ಕಂಪೆನಿಯದ್ದು. ಆದರೆ ಯುದ್ಧಕ್ಕೆ ಬೇಕಾದಷ್ಟನ್ನು ಒಂದೇ ಕಾರ್ಖಾನೆಯಿಂದ ತೆಗೆಯಲು ಸಾಧ್ಯವಿರಲಿಲ್ಲ. ಆದ್ದರಿಂದ ಅಮೆರಿಕದ ಸೈನ್ಯ ಅದೇ ನಕ್ಷೆಯನ್ನು ಫೋರ್ಡ್ ಕಂಪೆನಿಗೂ ಕೊಟ್ಟಿತು. ಯುದ್ಧ ಮುಗಿಯುವುದರೊಳಗೆ ಎರಡೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದವು. ವಿಲ್ಲಿಸ್‌ನದ್ದಕ್ಕೆ ಎಂಬಿ ಎಂದೂ ಫೋರ್ಡ್‌ನದ್ದಕ್ಕೆ ಜಿಪಿಡಬ್ಲ್ಯು ಎಂದೂ ಹೆಸರು. ಹೊರಗಿನಿಂದ ಅವಳಿ ಮಕ್ಕಳು. ಮುಂಭಾಗದಲ್ಲಿ ರೇಡಿಯೇಟರಿನ ಕೆಳಗೆ ಅಡ್ಡಕ್ಕೆ ಹಾದ ಕಬ್ಬಿಣ ನೋಡಬೇಕು: ವಿಲ್ಲಿಸ್‌ನದ್ದು ದುಂಡಗಿನ ಕೊಳವೆ, ಫೋರ್ಡ್‌ನದ್ದು ಬೋರಲು ಹಾಕಿದ ದೋಣಿಯಂಥ ಪಟ್ಟಿ. ಇನ್ನೊಂದು ಗುರುತು ಬೋಲ್ಟು. ಫೋರ್ಡ್ ಕಂಪೆನಿ ತನ್ನ ಎಷ್ಟೋ ಬಿಡಿಭಾಗಗಳ ಮೇಲೂ ಬೋಲ್ಟುಗಳ ತಲೆಯ ಮೇಲೂ ತನ್ನ ಹೆಸರಿನ ಮೊದಲ ಅಕ್ಷರವಾದ ‘ಎಫ್’ ಅನ್ನು ಕೂಡಕ್ಷರದಲ್ಲಿ ಅಚ್ಚೊತ್ತುತ್ತಿತ್ತು.

“ಅಮೆರಿಕದಲ್ಲಿ ಮಸ್ಟಾಂಗ್, ಕ್ಯಾಮರೋ ಎಂಬ 1960ರ ದಶಕದ ಕಾರುಗಳನ್ನು ಪುನಃ ಹೊಸತು ಮಾಡುವವರು ಬೋಲ್ಟಿನ ತಲೆ ನೋಡಿಯೇ ಬೆಲೆ ಕಟ್ಟುತ್ತಾರೆ. ಜೀಪಿಗೂ ಹಾಗೆಯೇ” ಎಂದರು ಬಂದವರು. ಒಂದು ಬೆಲೆ ಹೇಳಿದರು. ಇರಬೇಕಾದ ಕಡೆಗಳಲ್ಲೆಲ್ಲ ‘ಎಫ್’ ಬೋಲ್ಟು ಇದ್ದರೆ ಇನ್ನೂ ಒಂದೂವರೆ ಲಕ್ಷ ಹೆಚ್ಚು ಎಂದರು. ಹೋಗುವಾಗ ತಮ್ಮನ ಕಿವಿಯಲ್ಲಿ, ‘ಎಫ್’ ಅಚ್ಚಿನ ಹೊಸ ಬೋಲ್ಟುಗಳು ಹೊರದೇಶದಲ್ಲಿ ಮಾರಾಟಕ್ಕೇ ಸಿಗುತ್ತವೆ, ತರಿಸಿ ಹಾಕಿದರೆ ನನ್ನದೇನೂ ಅಡ್ಡಿ ಇಲ್ಲ ಎಂದೂ ಹೇಳಿದರು.

ಮೊದಲು ಇರುವುದೇನು ಎಂದು ನೋಡೋಣ ಎಂದೆ ನಾನು. ಅದು ಗುಮಾಸ್ತನ ಬುದ್ಧಿ.

ಅಪ್ಪನ ಕಾಲದಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಚೆರ್ಕಳದ ಹತ್ತಿರ ಇದ್ದಾರೆ. ಎಪ್ಪತ್ತು ದಾಟಿದೆ. ಅವರು ಮಲೆಯಾಳದಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಸಿಟ್ಟು ಬಂದರೆ ಇಬ್ಬರೂ ತುಳುವಿಗೆ ಬರುತ್ತೇವೆ. ನಮ್ಮ ಕಡೆಯವರಿಗೆ ಇದು ವಿಚಿತ್ರವಲ್ಲ. ಏಳು ಭಾನುವಾರ ಅವರು ಬಂದರು.

ಮೊದಲ ದಿನವೇ ನಾನು ವೈರ್ ಬ್ರಷ್ಷು ಹಿಡಿದು ತುಕ್ಕು ಉಜ್ಜಲು ಹೊರಟೆ. ಮೇಸ್ತ್ರಿ ಕೈ ಹಿಡಿದರು. ಎಂಬತ್ತು ವರ್ಷದ ಅಕ್ಷರ ತುಕ್ಕಿನ ಜೊತೆಯಲ್ಲೇ ಉದುರಿ ಹೋಗುತ್ತದೆ. ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಎಣ್ಣೆ ಬೆರೆಸಿ ಬಟ್ಟೆಯಲ್ಲಿ ಅದ್ದಿ ಬೋಲ್ಟಿನ ಮೇಲೆ ಒಂದು ರಾತ್ರಿ ಬಿಡಬೇಕು, ಮರುದಿನ ಬಿದಿರಿನ ಕಡ್ಡಿಯಿಂದ ಕೆರೆಯಬೇಕು. ಬಿಚ್ಚುವ ಮೊದಲು ಫೋಟೋ. ಬಿಚ್ಚಿದ್ದನ್ನು ಸಣ್ಣ ಚೀಲದಲ್ಲಿ ಹಾಕಿ, ಯಾವ ತೂತಿನದು ಎಂದು ಚೀಟಿ. ನಾನು ಬ್ಯಾಂಕಿನ ಹಳೆಯ ಭೂತಗನ್ನಡಿ ತಂದಿದ್ದೆ. ಓರೆಯಾಗಿ ಟಾರ್ಚು ಬಿಟ್ಟರೆ ಅಕ್ಷರ ನೆರಳಿನಲ್ಲಿ ಏಳುತ್ತದೆ. ಮೊದಲ ‘ಎಫ್’ ಕಂಡದ್ದು ಬಂಪರಿನ ಬಳಿ. ಸವೆದು ಸವೆದು, ಪಿಂಚಣಿಗೆ ಬರುವ ಅಜ್ಜಂದಿರ ಸಹಿಯ ಹಾಗೆ ನಡುಗುತ್ತಿತ್ತು.

ತಲೆಯ ಮೇಲೆ ಏನಿದೆ ಎಂಬುದು ಅರ್ಧ ಮಾತ್ರ. ಇನ್ನರ್ಧ ಸುತ್ತಿನಲ್ಲಿದೆ. ನಾನು ಸುತ್ತು ಎಂದದ್ದನ್ನು ಮೇಸ್ತ್ರಿ ‘ಪಿರಿ’ ಎನ್ನುತ್ತಾರೆ. ಬೋಲ್ಟಿಗೆ ಇಂಥದ್ದೇ ಸುತ್ತು ಇರಬೇಕೆಂದು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಒಂದು ಕ್ರಮ ಮಾಡಿದರು, ಅದರಲ್ಲಿ ಹಲ್ಲಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೆ ಕ್ರಮ ಹೇಳಿದರು. ಯುದ್ಧದಲ್ಲಿ ಎರಡು ದೇಶಗಳೂ ಒಂದೇ ಪಕ್ಷ, ಆದರೆ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರುತ್ತಿರಲಿಲ್ಲ. ಆ ಪೇಚಾಟದ ನಂತರ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 60 ಡಿಗ್ರಿಯ ಒಂದೇ ಕ್ರಮಕ್ಕೆ ಒಪ್ಪಿದವು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಆದದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ.

ಮೇಸ್ತ್ರಿಗೆ ಈ ಇಸವಿಗಳು ಬೇಡ. ಅವರ ಬೆರಳಿಗೆ ಗೊತ್ತು. ಇಂಚಿನ ಎಂಟನೇ ಒಂದು ಭಾಗಕ್ಕೆ ಅವರು ‘ನೂಲು’ ಎನ್ನುತ್ತಾರೆ, ನಮ್ಮ ಆಚಾರಿಗಳೂ ಹಾಗೆಯೇ ಹೇಳುತ್ತಿದ್ದರು. ಜೀಪಿನಲ್ಲಿ ಹೆಚ್ಚಾಗಿ ಇರುವುದು ಎರಡೂವರೆ ನೂಲು, ಮೂರು ನೂಲಿನ ಬೋಲ್ಟುಗಳು, ಅಂದರೆ ಹದಿನಾರರಲ್ಲಿ ಐದು ಇಂಚು ಮತ್ತು ಎಂಟರಲ್ಲಿ ಮೂರು ಇಂಚು. ಎರಡೂವರೆ ನೂಲು ಎಂದರೆ 7.94 ಮಿಲಿಮೀಟರು. ಅಂಗಡಿಯಲ್ಲಿ ಈಗ ಸಿಗುವುದು 8 ಮಿಲಿಮೀಟರಿನದ್ದು. ಕಣ್ಣಿಗೆ ಒಂದೇ. ಆದರೆ ಹಳೆಯ ನಟ್ಟಿಗೆ ಹೊಸ ಬೋಲ್ಟು ಎರಡು ಮೂರು ಸುತ್ತು ಹೋಗಿ ಕಚ್ಚುತ್ತದೆ, ಬಲ ಹಾಕಿದರೆ ಎರಡರ ಸುತ್ತೂ ಕೆಡುತ್ತದೆ. ಸ್ಪ್ಯಾನರು ಕೂಡ ಮೋಸ ಮಾಡುತ್ತದೆ. ಹಳೆಯ ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7. ಹದಿಮೂರರ ಸ್ಪ್ಯಾನರು ಹಿಡಿದಂತೆ ಮಾಡಿ ಜಾರುತ್ತದೆ, ಮೂಲೆ ಸವೆಯುತ್ತದೆ. ತಲೆಯ ಮೂಲೆ ದುಂಡಗಾಗಿದೆ ಎಂದರೆ ಯಾರೋ ತಪ್ಪು ಸ್ಪ್ಯಾನರು ಹಾಕಿದ್ದಾರೆ ಎಂದೇ ಲೆಕ್ಕ.

ಮೆಟ್ರಿಕ್ ಬೋಲ್ಟು ತನ್ನ ಬಲವನ್ನು ತಲೆಯ ಮೇಲೆಯೇ ಬರೆದುಕೊಂಡಿರುತ್ತದೆ. 8.8 ಎಂದಿದ್ದರೆ, ಮೊದಲ ಎಂಟು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುತ್ತದೆ ಎಂದು. ಎರಡನೆಯ ಎಂಟು, ಅದರ ಶೇಕಡಾ 80ರವರೆಗೆ ಎಳೆದರೂ ಬಿಟ್ಟಾಗ ಮೊದಲಿನ ಉದ್ದಕ್ಕೆ ಬರುತ್ತದೆ ಎಂದು. ಅಮೆರಿಕದವರು ಇದಕ್ಕೆ ಗೆರೆ ಹಾಕುತ್ತಾರೆ. ತಲೆಯಲ್ಲಿ ಮೂರು ಗೆರೆ ಇದ್ದರೆ ಒಂದು ಬಲ, ಆರು ಇದ್ದರೆ ಅದಕ್ಕೂ ಹೆಚ್ಚು. ಫೋರ್ಡ್‌ನ ‘ಎಫ್’ ಹಾಗಲ್ಲ. ಅದು ಬಲವನ್ನು ಹೇಳುವುದಿಲ್ಲ, ಮನೆತನವನ್ನು ಮಾತ್ರ ಹೇಳುತ್ತದೆ.

ಏಳನೆಯ ಭಾನುವಾರಕ್ಕೆ ನನ್ನ ಪಟ್ಟಿ ಮುಗಿಯಿತು. ಕೈಗೆ ಸಿಕ್ಕಿದ ಬೋಲ್ಟುಗಳು ಒಟ್ಟು 214. ‘ಎಫ್’ ಇದ್ದವು 61. ಏನೂ ಗುರುತಿಲ್ಲದವು 70. ಮೆಟ್ರಿಕ್ 48. ಉಳಿದ 35 ಬಗೆಬಗೆಯವು, ಲೇತಿನಲ್ಲಿ ಕಡೆಸಿದ್ದು, ತಲೆ ಬೆಸೆದದ್ದು, ಯಾವುದೋ ಲಾರಿಯದ್ದು. ಗುರುತಿಲ್ಲದ 70ರ ಬಗ್ಗೆ ಪ್ರಮಾಣ ಮಾಡಿ ಏನೂ ಹೇಳುವ ಹಾಗಿಲ್ಲ. ಫೋರ್ಡ್ ಕಾರ್ಖಾನೆಯಿಂದ ಹೊರಟ ಎಲ್ಲ ಬೋಲ್ಟಿನಲ್ಲೂ ‘ಎಫ್’ ಇರಲಿಲ್ಲ. ಅದೂ ಅಲ್ಲದೆ ಎರಡು ಕಂಪೆನಿಗಳ ಜೀಪಿನ ಭಾಗಗಳು ಒಂದಕ್ಕೊಂದು ಹೊಂದಬೇಕೆಂಬುದೇ ಸೈನ್ಯದ ಕರಾರು. ಯುದ್ಧಭೂಮಿಯ ಮೆಕ್ಯಾನಿಕ್ಕುಗಳು ಕೈಗೆ ಸಿಕ್ಕಿದ್ದನ್ನು ಹಾಕಿ ಬಂಡಿ ಓಡಿಸಿದರು. ಬೆರಕೆ ನಮ್ಮ ಅಪ್ಪನಿಂದ ಶುರುವಾದದ್ದಲ್ಲ.

ಆ 35ರಲ್ಲಿ ಒಂದರ ಬಗ್ಗೆ ಹೇಳಬೇಕು. ಡೈನಮೋ ಹಿಡಿದಿರುವ ಪಟ್ಟಿಯ ಬೋಲ್ಟು. ತಲೆ ಸ್ವಲ್ಪ ದೊಡ್ಡದು, ಅರ್ಧ ಇಂಚಿನ ಸ್ಪ್ಯಾನರು ಹಿಡಿಯುವುದಿಲ್ಲ. ಗೇಜು ಇಟ್ಟು ನೋಡಿದರೆ ಇಂಚಿಗೆ 18 ಸುತ್ತು, ಅಮೆರಿಕದ ದಪ್ಪ ಸುತ್ತಿನ ಹಾಗೆಯೇ. ಆದರೆ ಹಲ್ಲಿನ ಕೋನ ಬೇರೆ. ವಿಟ್‌ವರ್ತ್! ಜೀಪಿನಲ್ಲಿ ಇಂಗ್ಲೆಂಡಿನ ಬೋಲ್ಟಿಗೆ ಏನು ಕೆಲಸ? ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಮ್ಮ ಹತ್ತಿರ ಬಂದು ನೋಡಿದರು. “ಅದು ನಮ್ಮ ಪಂಪ್‌ಸೆಟ್ಟಿನದ್ದು. ಅವರು ಕದ್ದದ್ದು” ಎಂದರು.

ನನಗೆ ಆಗ ನೆನಪಾಯಿತು. 1996ರ ಮಾರ್ಚ್ ತಿಂಗಳು, ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮ ಊರಿನಿಂದ ಕನ್ನಡ ಮಾಧ್ಯಮದಲ್ಲಿ ಪರೀಕ್ಷೆಗೆ ಕೂತವರು ಒಂಬತ್ತು ಮಕ್ಕಳು. ಪರೀಕ್ಷೆಯ ಕೇಂದ್ರ ದೂರ, ಆ ಹೊತ್ತಿಗೆ ಬಸ್ಸಿಲ್ಲ. ಎಲ್ಲರನ್ನೂ ಅಪ್ಪ ಜೀಪಿನಲ್ಲಿ ಕೊಂಡುಹೋಗುವುದೆಂದು ಮಾತಾಗಿತ್ತು. ಹಿಂದಿನ ರಾತ್ರಿ ಆ ಬೋಲ್ಟು ತುಂಡಾಗಿ ಬೆಲ್ಟು ಸಡಿಲವಾಯಿತು. ಅಂಗಡಿ ಮುಚ್ಚಿದೆ. ಅಪ್ಪ ಲಾಟೀನು ಹಿಡಿದು ತೋಟಕ್ಕೆ ಇಳಿದು ಡೀಸೆಲ್ ಪಂಪಿನಿಂದ ಒಂದು ಬೋಲ್ಟು ಬಿಚ್ಚಿ ತಂದರು. ಅದು ಹೇಗೋ ಕೂತಿತು. ನಾವು ಒಂಬತ್ತು ಜನವೂ ಬೆಲ್ ಹೊಡೆಯುವ ಮೊದಲೇ ತಲುಪಿದೆವು. ಆ ಬೇಸಿಗೆ ಇಡೀ ಪಂಪು ತಂತಿ ಕಟ್ಟಿಕೊಂಡು ಓಡಿತು, ಅಮ್ಮ ದಿನಕ್ಕೊಮ್ಮೆ ಬೈದರು. ಬದಲಿಸುತ್ತೇನೆ ಎಂದು ಅಪ್ಪ ಹೇಳುತ್ತಲೇ ಇದ್ದರು.

ಮೇಸ್ತ್ರಿ ಅದನ್ನು ತಿರುಗಿಸಿ ನೋಡಿದರು. “ಇದ್ ಪಳೇ ಸಾಧನಂ, ಬಲಂ ಉಂಡ್” ಎಂದರು.

ತಮ್ಮನಿಗೆ ಫೋನು ಮಾಡಿದೆ. ನಕಲು ‘ಎಫ್’ ತರಿಸುವುದು ಬೇಡ ಎಂದೆ. ಅವನಿಗೆ ಸಿಟ್ಟು ಬಂತು. “ಕೊಳ್ಳುವವನೇ ಹಾಕು ಎನ್ನುತ್ತಾನೆ, ನಿನಗೇನು ನಷ್ಟ?” ಎಂದ. ಅವನು ಹೇಳಿದ್ದು ಸುಳ್ಳಲ್ಲ. ಒಂದೂವರೆ ಲಕ್ಷ ಎಂದರೆ ಅವನ ಮನೆಯ ಕಿಟಕಿ ಬಾಗಿಲು, ನನ್ನ ಮಗಳ ಒಂದು ವರ್ಷ. ನಾನು ಹೇಳಿದೆ: “ನಕಲು ಸಹಿ ಯಾವಾಗಲೂ ಅಸಲಿಗಿಂತ ಅಚ್ಚುಕಟ್ಟಾಗಿರುತ್ತದೆ. ಅದನ್ನು ಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನಾನೇ ಹಾಕಿದರೆ ಹೇಗೆ?” ಅವನು ಫೋನು ಇಟ್ಟ. ಎರಡು ವಾರ ಮಾತಿಲ್ಲ.

ಬ್ರೇಕಿನಲ್ಲೂ ಸ್ಟಿಯರಿಂಗಿನಲ್ಲೂ ಸವೆದ ಬೋಲ್ಟುಗಳನ್ನು ನಾವು ಉಳಿಸಲಿಲ್ಲ. ಸರಿಯಾದ ಸುತ್ತಿನ, ಸರಿಯಾದ ಬಲದ ಹೊಸತನ್ನು ಹುಡುಕಿ ಹಾಕಿದೆವು. ಅವುಗಳಲ್ಲಿ ಎರಡು ‘ಎಫ್’ ಕೂಡ ಇದ್ದವು. ಪ್ರಾಣದ ವಿಷಯದಲ್ಲಿ ಮನೆತನ ನೋಡಬಾರದು ಎಂದು ಮೇಸ್ತ್ರಿಯ ಅಭಿಪ್ರಾಯ, ನನ್ನದೂ. ತೆಗೆದವನ್ನು ಚೀಟಿ ಸಹಿತ ಡಬ್ಬಿಯಲ್ಲಿ ಇಟ್ಟೆವು. ಉಳಿದವು ಇದ್ದಲ್ಲೇ ಇವೆ.

ಕಡೆಗೆ ಜೀಪು ಕಡಿಮೆ ಬೆಲೆಗೇ ಹೋಯಿತು. ತಮ್ಮ ಬಂದು ರುಜು ಹಾಕಿದ, ಊಟ ಮಾಡಿ ಹೋದ. ಕಾಗದದಲ್ಲಿ ಅದು ಈಗಲೂ ವಿಲ್ಲಿಸ್. ದಾಖಲೆ ಒಂದು ಹೇಳಿ ವಸ್ತು ಇನ್ನೊಂದು ಹೇಳುವುದು ಗಡಿನಾಡಿನಲ್ಲಿ ಹುಟ್ಟಿದವರಿಗೆ ಹೊಸತಲ್ಲವಲ್ಲ. ಆದ್ದರಿಂದ ನಾನು 214 ಬೋಲ್ಟುಗಳ ಪಟ್ಟಿಯನ್ನು ಶುದ್ಧಪ್ರತಿ ಮಾಡಿ ಕೊಟ್ಟೆ. ಎಡಗಡೆ ಕನ್ನಡ, ಬಲಗಡೆ ಮಲೆಯಾಳ. ಬಲಗಡೆಯದ್ದನ್ನು ಮೇಸ್ತ್ರಿ ಹೇಳಿದರು, ಮಗಳು ಬರೆದಳು. ‘ನೂಲು’ ಎಂಬ ಮಾತು ಬಂದಾಗ ಎರಡು ಕಡೆಯೂ ಒಂದೇ ಎಂದು ಅವಳು ನಕ್ಕಳು.

ಬಂದವರು ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಮುಂದೆ ಅವರು ಏನು ಹಾಕುತ್ತಾರೆ, ಏನು ತೆಗೆಯುತ್ತಾರೆ ಎಂಬುದು ನನ್ನ ಕೈಯಲ್ಲಿಲ್ಲ. 138ನೆಯ ಸಾಲನ್ನು ಅವರು ಓದಿಯೇ ಓದುತ್ತಾರೆ ಎಂಬ ನಂಬಿಕೆಯೂ ಇಲ್ಲ. ಅಲ್ಲಿ ಹೀಗೆ ಬರೆದಿದ್ದೇನೆ: ಡೈನಮೋ ಪಟ್ಟಿ, ಎರಡೂವರೆ ನೂಲು, ವಿಟ್‌ವರ್ತ್ ಸುತ್ತು. ಮೂಲದ್ದಲ್ಲ. ನಮ್ಮ ಮನೆಯ ಪಂಪ್‌ಸೆಟ್ಟಿನಿಂದ, ಮಾರ್ಚ್ 1996. ಭದ್ರವಾಗಿದೆ.