ಆನಂದಪುರದಲ್ಲಿ ಒಂದು ಮಧ್ಯಾಹ್ನ

ಅಮೆರಿಕಾ ದೇಶದ ಆಗ್ನೇಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡಾ ಸಂಸ್ಥಾನದಲ್ಲಿ ಆರ್ಲ್ಯಾಂಡೋ ಎಂಬ ಪಟ್ಟಣವುಂಟು. ಅದರ ನೈಋತ್ಯಕ್ಕೆ, ಹಿಂದೆ ಜೌಗೂ ಕುರುಚಲು ಕಾಡೂ ಆಗಿದ್ದ ನೆಲವನ್ನು ವಾಲ್ಟ್ ಡಿಸ್ನಿಯವರು ಕೊಂಡು, ಅಲ್ಲೊಂದು ವಿನೋದನಗರವನ್ನು ಕಟ್ಟಬೇಕೆಂದು ಸಂಕಲ್ಪಿಸಿದರು. ಅವರು ೧೯೬೬ರಲ್ಲಿ ತೀರಿಕೊಂಡದ್ದರಿಂದ ಅವರ ಅಣ್ಣಂದಿರಾದ ರಾಯ್ ಡಿಸ್ನಿಯವರು ಕೆಲಸವನ್ನು ಮುಂದುವರಿಸಿ, ೧೯೭೧ನೆಯ ಇಸವಿ ಅಕ್ಟೋಬರ್ ೧ನೆಯ ತಾರೀಖು ಬಾಗಿಲು ತೆರೆಸಿದರು. ಈಗ ಅಲ್ಲಿ ನಾಲ್ಕು ದೊಡ್ಡ ಉದ್ಯಾನಗಳಿವೆ. ಇವನ್ನು ಥೀಮ್ ಪಾರ್ಕುಗಳೆಂದು ಕರೆಯುತ್ತಾರೆ. ಒಟ್ಟು ನೆಲ ಸುಮಾರು ೪೦ ಚದರ ಮೈಲಿ. ನಮ್ಮ ಕಡೆಯ ಒಂದು ಹೋಬಳಿಯೆನ್ನಬಹುದು.

ನ್ಯೂ ಜೆರ್ಸಿಯಲ್ಲಿರುವ ನಮ್ಮ ಮಗಳು ೨೦೨೪ನೆಯ ಇಸವಿ ಜೂನ್ ತಿಂಗಳಲ್ಲಿ ನಮ್ಮನ್ನೂ ನಮ್ಮ ಮನೆಯವರನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಜೊತೆಗೆ ಅಳಿಯಂದಿರು, ಆರು ವರ್ಷದ ಮೊಮ್ಮಗ. ಈ ಬಾಲಕನಿಗೆ ಕಡಲೆಕಾಯಿಯೂ ಗೋಡಂಬಿಯೂ ಒಗ್ಗವು. ಒಗ್ಗವೆಂದರೆ ಹೊಟ್ಟೆ ಕೆಡುತ್ತದೆಂದಲ್ಲ. ಒಂದು ಬೀಜದ ಚೂರು ಒಳಗೆ ಹೋದರೂ ಪ್ರಾಣಕ್ಕೇ ಅಪಾಯವಾಗಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ವಿಚಾರವನ್ನು ನಾವು ಮನಸ್ಸಿನಲ್ಲಿ ಒಪ್ಪಿಯೇ ಇರಲಿಲ್ಲ. ನಮ್ಮದು ಬಸವನಗುಡಿ, ಪ್ರತಿ ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುವ ಊರು. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಜೇಬು ತುಂಬ ತಿಂದು ಬೆಳೆದವರು ನಾವು. ನಮ್ಮ ತರಗತಿಗಳಲ್ಲಿ ಕೂತು ಎದ್ದುಹೋದ ಸಾವಿರಾರು ಮಕ್ಕಳಲ್ಲಿ ಒಬ್ಬನಿಗೂ ಈ ಕಾಯಿಲೆ ಇದ್ದುದನ್ನು ನಾವು ಕೇಳಿರಲಿಲ್ಲ. ಮೇಲಾಗಿ ನಮ್ಮ ಅಲ್ಪಸ್ವಲ್ಪ ಶಾಸ್ತ್ರಜ್ಞಾನವೊಂದು ಅಡ್ಡ ಬಂದಿತ್ತು. ದೇಹಕ್ಕೆ ಹೊಂದುವುದು ಸಾತ್ಮ್ಯ, ಹೊಂದದ್ದು ಅಸಾತ್ಮ್ಯ. ಅಭ್ಯಾಸಬಲದಿಂದ ಹೊಂದಿಕೆಯಾಗುವುದನ್ನು ಆಯುರ್ವೇದವು ಓಕಸಾತ್ಮ್ಯವೆನ್ನುತ್ತದೆ. ಹಾಗಿದ್ದಮೇಲೆ ದಿನಕ್ಕೆ ಒಂದೊಂದು ಚೂರಾಗಿ ತಿನ್ನಿಸಿ ಅಭ್ಯಾಸ ಮಾಡಿಸಬಾರದೇಕೆ ಎಂದು ನಾವು ದೂರವಾಣಿಯಲ್ಲಿ ಮಗಳೊಡನೆ ವಾದಿಸಿದ್ದೆವು. ಅವಳು ತಾಳ್ಮೆಯಿಂದಲೇ ಉತ್ತರ ಹೇಳಿದ್ದಳು: ಎಳೆಯ ಕೂಸಿನ ಮೊದಲ ವರ್ಷದಲ್ಲೇ ಕಡಲೆಕಾಯಿಯ ರುಚಿ ತೋರಿಸಿದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆಂದು ಲಂಡನ್ನಿನ ವೈದ್ಯರು ೨೦೧೫ರಲ್ಲಿ ತೋರಿಸಿಕೊಟ್ಟಿದ್ದಾರೆ, ಆದರೆ ತೊಂದರೆ ಒಮ್ಮೆ ನೆಲೆಯೂರಿದ ಮಗುವಿಗೆ ಮನೆಯಲ್ಲಿ ಅಭ್ಯಾಸ ಮಾಡಿಸಹೊರಡುವುದು ಬೆಂಕಿಯೊಡನೆ ಆಟ, ಅದು ತಜ್ಞರ ಕಣ್ಣಮುಂದೆಯೇ ಆಗತಕ್ಕ ಚಿಕಿತ್ಸೆ. ನಾವು ಸುಮ್ಮನಾದೆವೇ ಹೊರತು ಒಪ್ಪಲಿಲ್ಲ. ಅಲರ್ಜಿ ಎಂಬ ಪದವನ್ನು ವಿಯೆನ್ನಾದ ವೈದ್ಯ ಪಿರ್ಕೆ ಎಂಬವರು ೧೯೦೬ರಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದರೆಂದೂ, 'ಬೇರೆಯಾದ ವರ್ತನೆ' ಎಂಬುದು ಅದರ ಭಾವವೆಂದೂ ಹುಡುಕಿ ತಿಳಿದು ತೃಪ್ತರಾದೆವು. ಪದದ ವ್ಯುತ್ಪತ್ತಿ ತಿಳಿದರೆ ವಸ್ತುವೇ ತಿಳಿದಂತಾಯಿತೆಂಬುದು ನಮ್ಮಂಥ ಪಂಡಿತರ ಹಳೆಯ ರೋಗ.

ಆರ್ಲ್ಯಾಂಡೋ ಪ್ರಯಾಣಕ್ಕೆ ಮಗಳು ಮಾಡಿಕೊಂಡ ಸಿದ್ಧತೆ ದಂಡಯಾತ್ರೆಯ ಸಿದ್ಧತೆಯಂತಿತ್ತು. ಎಪಿನೆಫ್ರಿನ್ ಎಂಬ ಔಷಧ ತುಂಬಿದ ಎರಡು ಸೂಜಿಗಳು. ನೋಡುವುದಕ್ಕೆ ದಪ್ಪನಾದ ಲೇಖನಿಗಳಂತಿವೆ. ಔಷಧ ಬಿಸಿಲಿಗೆ ಕೆಡುತ್ತದಾದ್ದರಿಂದ ಅವನ್ನು ಶಾಖ ತಡೆಯುವ ಒಂದು ಪುಟ್ಟ ಚೀಲದಲ್ಲಿಟ್ಟಿದ್ದಳು. ನಿಲ್ಲಿಸಿದ ಕಾರಿನಲ್ಲಿ ಅದನ್ನು ಒಂದು ಗಳಿಗೆಯೂ ಬಿಡಕೂಡದು. ವೈದ್ಯರ ಪತ್ರ ಕೈಚೀಲದಲ್ಲಿ. ವಿಮಾನದಲ್ಲಿ ಕೂತೊಡನೆ ಒದ್ದೆ ಕಾಗದದಿಂದ ಹುಡುಗನ ಮುಂದಿನ ಹಲಗೆಯನ್ನೂ ಕೈಯಾನುವ ಜಾಗವನ್ನೂ ಒರೆಸಿದಳು. ನಮ್ಮ ಮನೆಯವರಿಗೆ ಇದು ತಮಾಷೆಯಾಗಿ ಕಂಡಿತು. "ಮಡಿ ಅತಿಯಾಯಿತು ಎಂದು ನನ್ನನ್ನು ನಗುತ್ತಿದ್ದವಳು ಇವಳೇ ಅಲ್ಲವೆ?" ಎಂದರು.

ಉದ್ಯಾನಗಳ ಊಟದ ವ್ಯವಸ್ಥೆಯನ್ನು ಮೆಚ್ಚಲೇಬೇಕು. ಹಣ ಕೊಡುವ ಕಟ್ಟೆಯಲ್ಲಿ ಕೇಳಿದರೆ, ಯಾವ ಪದಾರ್ಥಕ್ಕೆ ಒಗ್ಗದವರು ಯಾವ ತಿಂಡಿಯನ್ನು ತಿನ್ನಬಹುದೆಂಬ ಪ್ರತ್ಯೇಕ ಪಟ್ಟಿಯನ್ನು ಕೊಡುತ್ತಾರೆ. ಕೂತು ಉಣ್ಣುವ ಕಡೆಗಳಲ್ಲಿ ತಿಳಿದವರೊಬ್ಬರು ಮೇಜಿನ ಬಳಿಗೇ ಬಂದು ವಿಚಾರಿಸುತ್ತಾರೆ. ಒಂದೇ ಅಡಿಗೆಮನೆಯಲ್ಲಿ ಎಲ್ಲವೂ ಬೇಯುವುದರಿಂದ ಪೂರ್ಣ ಭರವಸೆ ಕೊಡಲಾರೆವೆಂಬುದನ್ನೂ ಮುಚ್ಚಿಡುವುದಿಲ್ಲ. ಮನೆಯ ಬುತ್ತಿಯನ್ನು ಒಳಕ್ಕೆ ತರುವುದಕ್ಕೆ ಅಡ್ಡಿಯಿಲ್ಲ, ಗಾಜಿನ ಪಾತ್ರೆ ಮಾತ್ರ ಕೂಡದು. ಆ ದೇಶದ ಕಾನೂನೂ ಈ ವಿಷಯದಲ್ಲಿ ಬಿಗಿ. ಪೊಟ್ಟಣ ಕಟ್ಟಿದ ಆಹಾರದ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿಯಂಥ ಚಿಪ್ಪಿನ ಜೀವಿ, ಗೋಡಂಬಿ ಬಾದಾಮಿಗಳಂಥ ಬೀಜ, ಕಡಲೆಕಾಯಿ, ಗೋಧಿ, ಸೋಯಾ ಎಂಬ ಎಂಟನ್ನು ಸ್ಪಷ್ಟವಾಗಿ ಹೇಳಬೇಕೆಂದು ೨೦೦೪ರಲ್ಲಿ ಶಾಸನವಾಯಿತು; ೨೦೨೩ರಿಂದ ಎಳ್ಳು ಒಂಬತ್ತನೆಯದಾಗಿ ಸೇರಿತು. ನಮ್ಮ ದೇಶದಲ್ಲಿಯೂ ೨೦೨೦ರ ನಿಯಮಾವಳಿಯಂತೆ ಇಂಥ ಸೂಚನೆ ಪೊಟ್ಟಣಗಳ ಮೇಲೆ ಇರತಕ್ಕದ್ದು. ಅದನ್ನು ಓದುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಬಂದಿಲ್ಲ.

ಇಷ್ಟಿದ್ದರೂ ಪ್ರತಿ ಹೊತ್ತಿನ ಊಟಕ್ಕೂ ಈ ವಿಚಾರಣೆ, ಈ ಕಾಯುವಿಕೆ ನಡೆದದ್ದರಿಂದ ಎರಡನೆಯ ದಿನಕ್ಕೆ ನಮ್ಮ ಸಹನೆ ತೀರಿತು. ಪರರ ಅಡಿಗೆಮನೆಯನ್ನು ಇಷ್ಟು ಕಾಡುವುದೇತಕ್ಕೆ, ನಮ್ಮವರು ಊರಿನಿಂದ ತಂದ ಪುಳಿಯೋಗರೆ ಗೊಜ್ಜಿದೆಯಲ್ಲ ಎಂದೆವು. ಗೊಜ್ಜನ್ನು ಮೊಮ್ಮಗನಿಗೋಸ್ಕರವೇ ಮಾಡಿದ್ದರು. ಕಡಲೆಕಾಯಿ ಬೀಜವನ್ನು ಅಡಿಗೆಮನೆಯಿಂದಲೇ ಆಚೆಗಿಟ್ಟು, ಹೊಸ ಬಾಣಲೆಯನ್ನು ತರಿಸಿ ಕುದಿಸಿದ್ದರು. ಮೂರನೆಯ ದಿನ ಬೆಳಗ್ಗೆ ಬಾಡಿಗೆ ಮನೆಯಲ್ಲಿ ಅನ್ನ ಮಾಡಿ ಕಲಸಿ ಡಬ್ಬಿಗೆ ತುಂಬಿದರು.

ಅಂದು ನಾವು ಹೋದದ್ದು ಅನಿಮಲ್ ಕಿಂಗ್ಡಮ್ ಎಂಬ ಉದ್ಯಾನಕ್ಕೆ. ಇದು ೧೯೯೮ರಲ್ಲಿ ತೆರೆದದ್ದು. ನಡುವೆ ಒಂದು ದ್ವೀಪ. ಅದರಲ್ಲಿ ಜೀವವೃಕ್ಷವೆಂಬ, ೧೪೫ ಅಡಿ ಎತ್ತರದ ಕೃತಕ ಮರ. ಕಾಂಡದ ತುಂಬ ಆನೆ, ಹದ್ದು, ಮೊಸಳೆ ಮೊದಲಾದ ನೂರಾರು ಪ್ರಾಣಿಗಳನ್ನು ಕೆತ್ತಿದ್ದಾರೆ. ಸುತ್ತ ಸೇತುವೆಗಳನ್ನು ದಾಟಿದರೆ ಒಂದೊಂದು ಭಾಗ. ಏಷ್ಯಾ ಖಂಡದ ಭಾಗಕ್ಕೆ ಕಾಲಿಟ್ಟಾಗ ನಮಗೆ ಆಶ್ಚರ್ಯ ಕಾದಿತ್ತು. ಅಲ್ಲಿಯ ಕಲ್ಪಿತ ಗ್ರಾಮದ ಹೆಸರು ಆನಂದಪುರ! ಭಾರತ, ನೇಪಾಳ ಮತ್ತು ಅವುಗಳ ನೆರೆದೇಶಗಳ ಚಹರೆಗಳನ್ನು ಕಲಸಿ ಕಟ್ಟಿದ ಊರು: ಬಣ್ಣ ಮಾಸಿದ ಗೋಡೆಗಳು, ಪಾಳು ಬಿದ್ದಂತಿರುವ ಅರಮನೆ, ಅದರೊಳಗೆ ನಿಜವಾದ ಹುಲಿಗಳು, ಗಾಳಿಗೆ ಹಾರುವ ಬೌದ್ಧ ಪತಾಕೆಗಳು. ಬೇಕೆಂದೇ ಹಳತಾಗಿಸಿದ ಈ ಊರಿನಲ್ಲಿ ಧೂಳು ಮಾತ್ರ ಎಲ್ಲಿಯೂ ಇಲ್ಲ. ಊರ ಬದಿಯಲ್ಲಿ ಹರಿಯುವ ಹೊಳೆಗೆ ಚಕ್ರನದಿ ಎಂದು ನಾಮಕರಣ ಮಾಡಿದ್ದಾರೆ. ಅದರಲ್ಲಿ ದುಂಡನೆಯ ತೆಪ್ಪಗಳು ಗಿರಗಿರನೆ ತಿರುಗುತ್ತ ಇಳಿಜಾರಿನಲ್ಲಿ ಸಾಗುತ್ತವೆ. ಕೂತವರು ತೊಯ್ದು ತೊಪ್ಪೆಯಾಗುತ್ತಾರೆ. ೩೮ ಅಂಗುಲ ಎತ್ತರವಿರುವ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ. ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರಿಗೆ ಭೂಮಿಯ ಆ ತುದಿಯಲ್ಲಿ ಇಂಥ ಹೆಸರುಗಳು ಸಿಕ್ಕಿದಾಗ ಆಗುವ ಸಂತೋಷವನ್ನು ವಾಚಕರು ಊಹಿಸಿಕೊಳ್ಳಬಹುದು.

ತಾಯಿ, ತಂದೆ, ಮಗ ಮೂವರೂ ತೆಪ್ಪಕ್ಕೆ ಹೋಗುವಾಗ ಔಷಧದ ಚೀಲವು ನೆನೆಯಬಾರದೆಂದು ಮಗಳು ಅದನ್ನು ನಮ್ಮ ಕೊರಳಿಗೆ ಹಾಕಿದಳು. "ಇಳಿಯುವ ಬಾಗಿಲಲ್ಲೇ ನಿಂತಿರಿ, ಅಪ್ಪ. ಎಲ್ಲಿಗೂ ಹೋಗಬೇಡಿ" ಎಂದಳು. ಶಾಲೆಯ ಹುಡುಗನಿಗೆ ಹೇಳಿದಂತಾಯಿತೆಂದು ಸ್ವಲ್ಪ ಮುನಿಸಾದರೂ ನಿಂತೆವು. ಹಿಂತಿರುಗಿದ ಬಳಿಕ ಮರದ ನೆರಳಿನ ಬೆಂಚಿನಲ್ಲಿ ಕೂತು ಡಬ್ಬಿಯನ್ನು ಬಿಚ್ಚಿದೆವು.

ಯಾರು ಏನು ಕೊಟ್ಟರೂ ಕೇಳಿಯೇ ತಿನ್ನಬೇಕೆಂದು ಆ ಮಗುವಿಗೆ ಕಲಿಸಿದ್ದಾರೆ. ಅವನು ಕೇಳಿದ: "ಅಜ್ಜಿ, ಇದರಲ್ಲಿ ಕಡಲೆಕಾಯಿ ಇದೆಯಾ?"

"ಒಂದೇ ಒಂದೂ ಇಲ್ಲ, ಕಂದ."

"ಅಜ್ಜಿ ಮಾಡಿದ್ದು. ಧೈರ್ಯವಾಗಿ ತಿನ್ನು" ಎಂದೆವು ನಾವು.

ಮೂರು ತುತ್ತಾಗಿರಬಹುದು. ನಾಲಗೆ ತುರಿಸುತ್ತದೆ ಎಂದ. ಖಾರವಿರಬೇಕೆಂದು ನಾವು ನೀರು ಕೊಟ್ಟೆವು. ನೋಡನೋಡುತ್ತಿದ್ದಂತೆ ತುಟಿ ಊದಿತು; ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು; ಒಮ್ಮೆ ವಾಂತಿಯಾಯಿತು. ಆಮೇಲೆ ಕೆಮ್ಮು, ಧ್ವನಿ ಒಡೆದು ಗೊಗ್ಗರಾಯಿತು. ಮಗಳು, "ಅಪ್ಪ, ಚೀಲ!" ಎಂದಳು. ಅದು ನಮ್ಮ ಕೊರಳಲ್ಲೇ ಇತ್ತು. ನಮ್ಮ ಬೆರಳುಗಳಿಗೆ ಅದರ ಬಾಯಿ ತೆರೆಯಲಾಗಲಿಲ್ಲ. ಅವಳೇ ಕಿತ್ತುಕೊಂಡು, ಮಗುವನ್ನು ಮಲಗಿಸಿ, ಚೆಡ್ಡಿಯ ಮೇಲಿಂದಲೇ ತೊಡೆಯ ಹೊರಮಗ್ಗುಲಿಗೆ ಸೂಜಿಯನ್ನೊತ್ತಿ ಮೂರು ಎಣಿಸಿದಳು. ಅಳಿಯಂದಿರು ೯೧೧ಕ್ಕೆ ದೂರವಾಣಿ ಮಾಡಿ ಹೊತ್ತನ್ನು ಬರೆದಿಟ್ಟುಕೊಂಡರು. ಐದರಿಂದ ಹದಿನೈದು ನಿಮಿಷದೊಳಗೆ ಗುಣ ಕಾಣದಿದ್ದರೆ ಎರಡನೆಯದನ್ನು ಚುಚ್ಚಬೇಕು. ಉದ್ಯಾನದ ಸಿಬ್ಬಂದಿ ಓಡಿಬಂದು ಜನರನ್ನು ದೂರ ಸರಿಸಿದರು. ಹಿಂದೆಯೇ ನರ್ಸು ಬಂದರು. ತೆಪ್ಪದವರ ಕೂಗಾಟ ಅತ್ತ ನಡೆದೇ ಇತ್ತು.

ನಾಲ್ಕೈದು ನಿಮಿಷಗಳಲ್ಲಿ ಉಸಿರು ಸಡಿಲವಾಯಿತು. ಎರಡನೆಯ ಸೂಜಿ ಬೇಕಾಗಲಿಲ್ಲ. ಮಗುವಿನ ತಲೆಯನ್ನು ಹಿಡಿದುಕೊಂಡೇ ಮಗಳು ಕೇಳಿದಳು: "ಅಮ್ಮ, ಎಣ್ಣೆ ಯಾವುದು ಹಾಕಿದ್ದೆ?"

ಮನೆಯವರು ನಮ್ಮ ಮುಖ ನೋಡಿದರು. ಆ ಎಣ್ಣೆಯನ್ನು ತಂದವರು ನಾವು. ಅಂಗಡಿಯದು ಬೇಡ, ಮೊಮ್ಮಗನಿಗೆ ಶುದ್ಧವಾದದ್ದೇ ಆಗಲೆಂದು ಗಾಣದ ಮುಂದೆ ನಿಂತು ಆಡಿಸಿಕೊಂಡು ತಂದ ಕಡಲೆಕಾಯಿ ಎಣ್ಣೆ. ಬೀಜವನ್ನು ಬಿಟ್ಟವರು ಎಣ್ಣೆಯನ್ನು ಬೀಜವೆಂದು ಎಣಿಸಲೇ ಇಲ್ಲ. ಕಾರ್ಖಾನೆಯಲ್ಲಿ ಪೂರ್ತಿಯಾಗಿ ಶೋಧಿಸಿದ ಎಣ್ಣೆಯಲ್ಲಿ ಕೆಡುಕು ಮಾಡುವ ಸಸಾರಜನಕದ ಅಂಶ ಬಹುಮಟ್ಟಿಗೆ ಹೋಗಿರುತ್ತದಂತೆ. ಅಂಥದನ್ನು ಅಲ್ಲಿಯ ಶಾಸನವೂ ಸೂಚನೆಯಿಂದ ಬಿಟ್ಟಿದೆ. ಗಾಣದ ಎಣ್ಣೆಯಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಇದನ್ನು ನಮಗೆ ಆಸ್ಪತ್ರೆಯ ಡಾಕ್ಟರು ತಿಳಿಸಿದರು. ಅಡಗಿದ ರೋಗಲಕ್ಷಣಗಳು ಕೆಲವು ಗಂಟೆಗಳ ಮೇಲೆ ಮತ್ತೆ ತಲೆಯೆತ್ತುವುದುಂಟೆಂದು ರಾತ್ರಿಯವರೆಗೂ ಮಗುವನ್ನು ಅಲ್ಲಿಯೇ ಇಟ್ಟುಕೊಂಡರು. ಮಗಳು ನಮ್ಮನ್ನು ಒಂದು ಮಾತೂ ಆಡಲಿಲ್ಲ; ಆಡಿದ್ದರೆ ಚೆನ್ನಾಗಿತ್ತು. ಹುಡುಗ ಮಾತ್ರ, "ಅಜ್ಜಿ ಸುಳ್ಳು ಹೇಳಲಿಲ್ಲ ಅಲ್ವಾ, ತಾತ?" ಎಂದು ಕೇಳಿದ. ಇಲ್ಲವೆಂದೆವು. ನಮ್ಮ ಮಾತಿನ ವಿಚಾರವಾಗಿ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮನೆಗೆ ಬಂದಮೇಲೆ ನಮ್ಮವರು ಗೊಜ್ಜನ್ನು ಮೂರು ಚೀಲಗಳಲ್ಲಿ ಸುತ್ತಿ ಹೊರಗಿನ ಕಸದ ತೊಟ್ಟಿಗೆ ಹಾಕಿ, ಡಬ್ಬಿಯನ್ನೂ ಚಮಚವನ್ನೂ ಅದರ ಜೊತೆಗೇ ಹಾಕಿಬಿಟ್ಟರು. ಮಾರನೆಯ ದಿನವೆಲ್ಲ ವಿಶ್ರಾಂತಿ. ಬಳಸಿದ ಸೂಜಿಗೆ ಬದಲಾಗಿ ಹೊಸದು ಬಂತು. ಅದರ ಮರುದಿನ, ಆನಂದಪುರದ ಹುಲಿಗಳನ್ನು ತಾನು ನೋಡಲೇ ಇಲ್ಲವೆಂದು ಹುಡುಗ ಹಟ ಹಿಡಿದುದರಿಂದ ಮತ್ತೆ ಅಲ್ಲಿಗೇ ಹೋದೆವು. ಚೀಲವನ್ನು ನಾವೇ ಕೇಳಿ ಕೊರಳಿಗೆ ಹಾಕಿಕೊಂಡೆವು. ಅದರ ಬಾಯಿಯನ್ನು ತೆರೆದು ಮುಚ್ಚುವುದನ್ನೂ, ಜೊತೆಗೆ ಕೊಟ್ಟಿದ್ದ ಔಷಧವಿಲ್ಲದ ಸೂಜಿಯಿಂದ ಚುಚ್ಚುವುದನ್ನೂ ಹಿಂದಿನ ರಾತ್ರಿ ಹತ್ತಾರು ಸಲ ಅಭ್ಯಾಸ ಮಾಡಿದ್ದೆವು.

ಮಧ್ಯಾಹ್ನ ಒಂದು ಭೋಜನಶಾಲೆಯಲ್ಲಿ ಕೂತೆವು. ಎಂದಿನಂತೆ ಅಡಿಗೆಯವರೊಬ್ಬರು ಬಂದು ವಿಚಾರಿಸಿದರು. ಮಗಳು ಎಲ್ಲವನ್ನೂ ಹೇಳಿದಳು. ಹುಡುಗನಿಗೆ ಹುರಿದ ಆಲೂಗೆಡ್ಡೆಯೂ ಅನ್ನವೂ ಆಗಬಹುದೆಂದಾಯಿತು. ಅವರು ಹೊರಡುವಷ್ಟರಲ್ಲಿ ನಮ್ಮ ಮನೆಯವರು ಮಗಳ ಕೈ ಹಿಡಿದು, "ಎಣ್ಣೆ ಯಾವುದು ಅಂತ ಕೇಳೆ" ಎಂದರು. ಮಗಳು ಕೇಳಿದಳು. ಆತ ಬೇಸರಪಡದೆ ಒಳಕ್ಕೆ ಹೋಗಿ ಎಣ್ಣೆಯ ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟರು. ನಮ್ಮವರು ಕನ್ನಡಕ ಹಾಕಿಕೊಂಡು, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಂದೊಂದಕ್ಷರವನ್ನೂ ಕೂಡಿಸಿ ಕೊನೆಯ ಸಾಲಿನವರೆಗೂ ಓದಿದರು. ಓದಿ ಮುಗಿಯುವವರೆಗೂ ಆತ ಅಲ್ಲಿಯೇ ನಿಂತಿದ್ದರು.