ಹನ್ನೆರಡು ಮುಚ್ಚಳ ಎಣ್ಣೆ

ಬೆಳಗಿನ ಆರೂಮುಕ್ಕಾಲು. ಅರಸೀಕೆರೆ ಜಂಕ್ಷನ್ನಿನ ಕಡೆಯಿಂದ ಗೂಡ್ಸು ಗಾಡಿಯ ಕೂಗು ತೇಲಿ ಬರುತ್ತಿದೆ. ನೀವು ಮನೆಯ ಮುಂದೆ ನಿಮ್ಮ ಯೆಜ್ಡಿ ರೋಡ್‌ಕಿಂಗ್ ಪಕ್ಕದಲ್ಲಿ ನಿಂತಿದ್ದೀರಿ. ಅದರಡಿಯ ರಟ್ಟಿನ ಮೇಲೆ ರಾತ್ರಿ ತೊಟ್ಟಿಕ್ಕಿದ ಎಣ್ಣೆಯ ಮೂರು ಹನಿ. ದಿನಾ ಮೂರೇ. ನಾಲ್ಕಾದರೆ ಯೋಚಿಸಬೇಕು, ಒಂದೂ ಇಲ್ಲದಿದ್ದರೆ ಇನ್ನೂ ಹೆಚ್ಚು ಯೋಚಿಸಬೇಕು.

"ಇವತ್ತಾದ್ರೂ ಸ್ಕೂಟರಲ್ಲಿ ಹೋಗಿ. ಪರೀಕ್ಷೆ ಡ್ಯೂಟಿ ಬೇರೆ," ಎನ್ನುತ್ತಾಳೆ ಹೆಂಡತಿ ಬಾಗಿಲಲ್ಲಿ ನಿಂತು.

"ಏನೂ ಆಗಲ್ಲ ಬಿಡೆ."

ಹಾಗೆನ್ನಲು ನಿಮಗೆ ಹಕ್ಕಿದೆ. ಹಳೇಬೀಡು ಕಡೆಯ ಶಾಲೆಗೆ ಹೋಗಿಬರಲು 80 ಕಿಲೋಮೀಟರು. ಆರು ವರ್ಷದಿಂದ ದಿನಾ ಇದರಲ್ಲೇ. ಊರಿನವರು ಇದನ್ನು ಹಳೇ ಗಾಡಿ ಎನ್ನುತ್ತಾರೆ, ಶೋಕಿ ಎನ್ನುತ್ತಾರೆ. ನಿಮ್ಮ ಮಟ್ಟಿಗೆ ಇದು ಬಸ್ಸು ತಪ್ಪಿದವನ ಬಸ್ಸು.

ಎಡಗಾಲಿನಿಂದ ಗೇರ್ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸುತ್ತೀರಿ. ಅದೇ ಈಗ ಕಿಕ್ಕರ್. ಗೇರಿಗೂ ಕಿಕ್ಕಿಗೂ ಒಂದೇ ಲಿವರು. ಹೊಸಬರು ಬಲಗಡೆ ಹುಡುಕುತ್ತಾ ನಿಲ್ಲುತ್ತಾರೆ. ಮೊದಲ ಒದೆತಕ್ಕೆ ಒಂದು ನಿಟ್ಟುಸಿರು. ಎರಡನೆಯದಕ್ಕೆ ಕೆಮ್ಮು. ಮೂರನೆಯದಕ್ಕೆ ಇಡೀ ಗಾಡಿ ಮೈಕೊಡವಿ ಎದ್ದು, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಉಗುಳುತ್ತದೆ. ಡಬ್, ಡಬ್, ಡಬ್‌ಡಬ್‌ಡಬ್. ಎದುರು ಮನೆಯಾಕೆ ರಂಗೋಲಿ ಬಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಆ ಸದ್ದು ನಿಮ್ಮ ತೊಡೆಯ ಮೂಳೆಯಲ್ಲಿ ನಡೆದು ಹೊಟ್ಟೆಗೆ ಬರುತ್ತದೆ.

ಪೆಟ್ರೋಲ್ ಬಂಕು. ಮೂರು ಲೀಟರ್. ಇದು ಟೂ ಸ್ಟ್ರೋಕ್ ಇಂಜಿನ್. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಹೋಗಬೇಕು. ಲೀಟರಿಗೆ 40 ಮಿ.ಲೀ. ಎಂದು ಗ್ಯಾರೇಜಿನ ಅಜ್ಜ ಹಾಕಿಕೊಟ್ಟ ಲೆಕ್ಕ. ನಿಮ್ಮ ಅಳತೆ ಕೆಮ್ಮಿನ ಔಷಧಿಯ ಮುಚ್ಚಳ, 10 ಮಿ.ಲೀ. ಹಿಡಿಯುತ್ತದೆ. ಅಂದರೆ ಇವತ್ತಿಗೆ ಹನ್ನೆರಡು ಮುಚ್ಚಳ. ಮೂರು, ನಾಲ್ಕು, ಐದು. ಬಾಟಲಿ ಖಾಲಿ. ತಲೆಕೆಳಗೆ ಹಿಡಿದರೆ ಒಂದೊಂದೇ ಹನಿ.

ಒಂದು ಕಾಲದಲ್ಲಿ ಬಂಕುಗಳಲ್ಲೇ ಎಣ್ಣೆ ಬೆರೆಸಿ ಕೊಡುತ್ತಿದ್ದರು. ಈಗ ಇಲ್ಲಿ ಇಲ್ಲ. ಆಟೋ ಸ್ಪೇರ್ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಬೆನ್ನ ಹಿಂದೆ ಕೊಬ್ಬರಿ ಚೀಲ ತುಂಬಿದ ಲಗೇಜ್ ಆಟೋ ಹಾರನ್ ಒತ್ತುತ್ತಿದೆ. ಟ್ಯಾಂಕಿನಲ್ಲಿ ನಿನ್ನೆಯ ತಳದ ಮಿಶ್ರಣ ಇದೆಯಲ್ಲ, ಎನ್ನುತ್ತದೆ ಮನಸ್ಸು. ನಿಧಾನಕ್ಕೆ ಹೋದರಾಯಿತು, ಎನ್ನುತ್ತದೆ. ನೀವು ಮುಚ್ಚಳ ಜೇಬಿಗೆ ಹಾಕಿ ಟ್ಯಾಂಕಿನ ಬಿರಡೆ ತಿರುಗಿಸುತ್ತೀರಿ.

ಊರು ದಾಟಿದ ಮೇಲೆ ರಸ್ತೆ ಪಶ್ಚಿಮಕ್ಕೆ. ಸೂರ್ಯ ಬೆನ್ನ ಮೇಲಿದ್ದಾನೆ, ನಿಮ್ಮ ನೆರಳೇ ಮುಂದೆ ಓಡುತ್ತಿದೆ. ಎರಡೂ ಕಡೆ ತೆಂಗಿನ ತೋಟ. ಎಲ್ಲೋ ಮಟ್ಟೆ ಸುಡುವ ಹೊಗೆ, ಎಲ್ಲೋ ಹಸಿ ಸಗಣಿ, ನಡುವೆ ನಿಮ್ಮದೇ ಗಾಡಿಯ ಸಿಹಿ ಸುಟ್ಟ ವಾಸನೆ. ಗಾಳಿ ಅಂಗಿಯೊಳಗೆ ತುಂಬಿಕೊಂಡಿದೆ. ನಿಧಾನಕ್ಕೆ ಹೋಗಬೇಕೆಂದುಕೊಂಡದ್ದು ಮರೆತೇ ಹೋಗಿದೆ. ಮುಳ್ಳು 70ರ ಮೇಲೆ ನಡುಗುತ್ತಿದೆ.

ಜಾವಗಲ್ ಇನ್ನೂ ಮುಂದಿದೆ. ಒಂದು ಉದ್ದನೆಯ ಏರು. ಅಲ್ಲಿ ಗಾಡಿ ಮೊದಲ ಸಲ ಮಾತಾಡುತ್ತದೆ. ಇಂಜಿನ್ನಿನ ಒಳಗೆ ಸಣ್ಣಗೆ ಕಿಣಿಕಿಣಿ, ತಟ್ಟೆಯ ಮೇಲೆ ಸಾಸಿವೆ ಉದುರಿದ ಹಾಗೆ. ಯಾರೋ ಹಿಂದಿನಿಂದ ಸೀಟು ಹಿಡಿದೆಳೆದಂತೆ ವೇಗ ಕುಗ್ಗುತ್ತದೆ. ಮೊಣಕಾಲಿಗೆ ಬಡಿಯುವ ಬಿಸಿ ಇಂದು ಒಂದಿಷ್ಟು ಹೆಚ್ಚು.

"ಈ ಗಾಡಿ ಕೈ ಕೊಡಕ್ ಮುಂಚೆ ಹೇಳೇ ಕೊಡ್ತದೆ ಮೇಷ್ಟ್ರೇ, ಕೇಳಿಸ್ಕಳ್ಳೋರಿರ್ಬೇಕು ಅಷ್ಟೇ," ಎಂದಿದ್ದರು ಗ್ಯಾರೇಜಿನ ಅಜ್ಜ. ನೀವು ಕೇಳಿಸಿಕೊಂಡಿರಿ. ಎದುರುಗಾಳಿ ಇರಬೇಕು ಎಂದುಕೊಂಡು ಆಕ್ಸಿಲರೇಟರ್ ಇನ್ನೂ ತಿರುವಿದಿರಿ.

ಏರು ಮುಗಿಯುತ್ತದೆ. ಎಡಕ್ಕೆ ತಿರುವು. ಎದುರಿಗೆ ಕೆಂಪು ಬಸ್ಸು.

ಕೀಚ್ ಎನ್ನುವ ಸದ್ದು ಕೇಳುವ ಮೊದಲೇ ಮೈಗೆ ತಿಳಿಯುತ್ತದೆ. ಹಿಂದಿನ ಚಕ್ರ ನಿಂತಿದೆ. ತಿರುಗುತ್ತಿಲ್ಲ, ಉಜ್ಜುತ್ತಿದೆ. ಗಾಡಿಯ ಬಾಲ ಬಲಕ್ಕೆ ಜಾರುತ್ತದೆ. ಬಸ್ಸಿನ ಮೂಗು ದೊಡ್ಡದಾಗುತ್ತದೆ. ಹಾರನ್. ಕ್ಲಚ್! ಎಡಗೈಯ ನಾಲ್ಕೂ ಬೆರಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಚಕ್ರ ಬಿಡುಗಡೆಯಾಗಿ ಉರುಳುತ್ತದೆ. ಹ್ಯಾಂಡಲ್ ಒಮ್ಮೆ ಒದರಿ ನೇರವಾಗುತ್ತದೆ. ಬಸ್ಸಿನ ಬಿಸಿಗಾಳಿ ಬಲ ಭುಜವನ್ನು ತಳ್ಳಿ ಹೋಗುತ್ತದೆ. ನೀವು ಮಣ್ಣಿಗಿಳಿದು, ಬೇಲಿಯ ಕತ್ತಾಳೆಗೆ ಎರಡು ಮೊಳ ಇರುವಾಗ ನಿಲ್ಲುತ್ತೀರಿ.

ಸದ್ದೇ ಇಲ್ಲ. ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿದೆ, ಅಷ್ಟೆ. ಬಾಯಿ ಒಣಗಿದೆ. ಕ್ಲಚ್ ಹಿಡಿದ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಬೇಕಾಗುತ್ತದೆ.

ಏನಾಯಿತೆಂದು ನಿಮಗೆ ಗೊತ್ತು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಓಡಾಡುವ ಸಿಲಿಂಡರ್ ಬೀಡುಕಬ್ಬಿಣದ್ದು. ಬಿಸಿಯಾದರೆ ಮೊದಲನೆಯದು ಹೆಚ್ಚು ಉಬ್ಬುತ್ತದೆ. ನಡುವಿನ ಎಣ್ಣೆಯ ಪೊರೆ ಹರಿದರೆ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್. ಹಳೇ ಕಾರ್ಬೊರೇಟರಿನ ಅಳತೆಗೆ ಅದು ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ ಎಂಬಂತಾಗಿ ಇಂಜಿನ್ ಇನ್ನೂ ಕಾಯುತ್ತದೆ. ಆದರೂ ಎಥೆನಾಲನ್ನು ದೂರಿ ಸುಖವಿಲ್ಲ. ಏಳು ಮುಚ್ಚಳ ಕಮ್ಮಿ ಹಾಕಿದವರು ನೀವು.

ಗಂಟೆ 7.35. ಒಂಬತ್ತೂಕಾಲಕ್ಕೆ ಶಾಲೆಯಲ್ಲಿರಬೇಕು. ಎಸ್ಸೆಸ್ಸೆಲ್ಸಿ ಮಕ್ಕಳು ಕಾಯುವುದಿಲ್ಲ, ಪರೀಕ್ಷೆಯೂ ಕಾಯುವುದಿಲ್ಲ. 8.20ರ ತನಕ ಗಾಡಿಗೆ ಸಮಯ, ಆಮೇಲೆ ಯಾವ ಬಸ್ಸು ಬಂದರೂ ಕೈ ಅಡ್ಡ ಎಂದು ಗೆರೆ ಎಳೆದುಕೊಳ್ಳುತ್ತೀರಿ.

ಹೆದರಿಕೆ ಈಗ ನಿಧಾನವಾಗಿ ಬೇರೆ ರೂಪ ತಾಳುತ್ತದೆ. ಈ ಗಾಡಿ ಮಾಡಿದ ಕಾರ್ಖಾನೆ ಇಂದು ಇಲ್ಲ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಸಂಸ್ಥೆ ಗಾಡಿ ತಯಾರಿಸತೊಡಗಿತು. ಆರಂಭಿಸಿಕೊಟ್ಟವರು ಜಯಚಾಮರಾಜ ಒಡೆಯರು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ಕ್ಕೆ ಕಾರ್ಖಾನೆ ಬಾಗಿಲು ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂದಿದೆ, ಆದರೆ ಅವುಗಳ ಪಿಸ್ಟನ್ ನಿಮ್ಮದಕ್ಕೆ ಕೂರುವುದಿಲ್ಲ. ಒಳಗೆ ಗೀರು ಬಿದ್ದಿದ್ದರೆ ಸಿಲಿಂಡರ್ ಬೋರ್ ಮಾಡಿಸಬೇಕು, ದೊಡ್ಡ ಸೈಜಿನ ಪಿಸ್ಟನ್ ಹುಡುಕಬೇಕು.

ಹೊಗೆಯಾಡುವ ಇಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕರ್ಚೀಫು ಸುತ್ತಿದ ಕೈಯಿಂದ ಪ್ಲಗ್ ಪಾನಾ ತಿರುವುತ್ತೀರಿ. ಬೆರಳ ತುದಿ ಚುರ್ ಎನ್ನುತ್ತದೆ. ಪ್ಲಗ್ಗಿನ ಬಾಯಿ ಸುಣ್ಣದಂತೆ ಬಿಳಿಚಿದೆ. ಬಿಸಿಲಿಗೆ ಹಿಡಿದು ತಿರುಗಿಸುತ್ತೀರಿ. ಬೆಳ್ಳಿಯ ಚುಕ್ಕಿ ಇದ್ದರೆ ಪಿಸ್ಟನ್ ಕರಗಿದೆ ಎಂದರ್ಥ. ಇನ್ನೊಮ್ಮೆ ತಿರುಗಿಸುತ್ತೀರಿ. ಚುಕ್ಕಿ ಕಾಣುವುದಿಲ್ಲ. ಅಷ್ಟು ಹೊತ್ತೂ ಉಸಿರು ಹಿಡಿದಿದ್ದಿರೆಂದು ಆಗ ಗೊತ್ತಾಗುತ್ತದೆ.

"ಏನಾಯ್ತಪ್ಪ ಗಾಡಿಗೆ?"

ಬೇಲಿಯಾಚೆ ತೋಟದ ಮನೆ, ಮನುಷ್ಯರೆತ್ತರ ಮಟ್ಟೆಯ ರಾಶಿ, ಅದರ ಮುಂದೆ ಒಬ್ಬ ಅಜ್ಜಿ.

"ಎಣ್ಣೆ ಸಾಲಲಿಲ್ಲ ಅಜ್ಜಿ."

"ಯಾವ್ ಎಣ್ಣೆ? ಕೊಬ್ರಿ ಎಣ್ಣೆ ಐತೆ, ಹರಳೆಣ್ಣೆ ಐತೆ."

ನಗು ಬರುತ್ತದೆ. ಅರ್ಧದಲ್ಲೇ ನಿಲ್ಲುತ್ತದೆ. ಹರಳೆಣ್ಣೆ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ನು ಓಡಿದ್ದು ಅದರ ಮೇಲೆ. ಹಳೇ ಕಾಲದ ರೇಸ್ ಗಾಡಿಗಳು ಬಳಸಿದ್ದೂ ಅದನ್ನೇ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಅದು ಬರೀ ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಈಗ ತಾನೇ ಬೈದುಕೊಂಡ ಎಥೆನಾಲ್ ಇದೆ.

ಹಾಕುವುದೇ? ಮನೆಯಲ್ಲಿ ಕಾಯಿಸಿದ ಎಣ್ಣೆ, ಒಳಗೆ ಅಂಟು ಕಟ್ಟಬಹುದು. ಗ್ಯಾರೇಜಿನ ಅಜ್ಜ ಹೆಡ್ ಬಿಚ್ಚಿ ಕೆರೆಯುತ್ತಾ ವಾರವಿಡೀ ಬೈಯಬಹುದು. ಅಂಟನ್ನು ಕೆರೆಯಬಹುದು, ಗೀರನ್ನು ಅಳಿಸಲಾಗದು. ನೀವು ಕೈ ಚಾಚುತ್ತೀರಿ.

"ಕುಡಿದ್ರೆ ಹೊಟ್ಟೆ ತೊಳೀತದೆ, ನೋಡ್ಕೊ," ಎಂದು ಅಜ್ಜಿ ಸೀಸೆ ಕೊಡುತ್ತಾರೆ.

ಪೆಟ್ರೋಲ್ ಪೈಪು ಕಳಚಿ ನೀರಿನ ಬಾಟಲಿಗೆ ಅರ್ಧ ಲೀಟರ್ ಇಳಿಸಿ, ಜೇಬಿನ ಮುಚ್ಚಳದಲ್ಲಿ ಏಳು ಅಳತೆ. ಜೇನಿನಂತೆ ಮಂದ, ಬೆರಳಿಗೆ ಹತ್ತಿದರೆ ಬಿಡದು. ತೋಳು ನೋಯುವ ತನಕ ಕುಲುಕಿ ಟ್ಯಾಂಕಿಗೆ ಸುರಿಯುತ್ತೀರಿ. ಪ್ಲಗ್ಗಿನ ತೂತಿಗೂ ನಾಲ್ಕು ಹನಿ. ಆಮೇಲೆ ಕಾಯುವುದು. ಇಂಜಿನ್ ಮುಟ್ಟಿದ ಅಂಗೈ ತಡೆದುಕೊಳ್ಳುವಷ್ಟು ತಣಿಯುವ ತನಕ, ಅವಸರದಲ್ಲಿ ಒದೆಯದೆ.

8.10. ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತುತ್ತೀರಿ. ಅಲ್ಲಾಡುವುದಿಲ್ಲ. ಇನ್ನೊಂಚೂರು. ಒಳಗೆಲ್ಲೋ ಟಕ್. ನಂತರ, ಬೆಣ್ಣೆಯಲ್ಲಿ ಕಡಗೋಲು ತಿರುಗಿದಂತೆ, ಪಿಸ್ಟನ್ ಸರಿಯುತ್ತದೆ. ಪ್ಲಗ್ ಹಾಕಿ, ಒದ್ದರೆ ಕೆಮ್ಮು. ಒದ್ದರೆ ಮೌನ. 8.17. ದೂರದಲ್ಲಿ ಬಸ್ಸಿನ ಸದ್ದು. ಒದ್ದರೆ, ಡಬ್. ಡಬ್ ಡಬ್. ಬಿಳಿ ಹೊಗೆಯೊಳಗಿಂದ ಸಿಹಿಯಾದ, ಎಣ್ಣೆಸ್ನಾನದ ದಿನದ ಬಚ್ಚಲೊಲೆಯ ಘಮ. ಬಸ್ಸು ನಿಮ್ಮ ಮುಂದೆಯೇ ನಿಧಾನಿಸುತ್ತದೆ. ಹತ್ತುವುದೋ? ಇಂಜಿನ್ನಿಗೆ ಕಿವಿ ಕೊಡುತ್ತೀರಿ. ಕಿಣಿಕಿಣಿ ಇಲ್ಲ. ತಲೆ ಅಲ್ಲಾಡಿಸುತ್ತೀರಿ, ಬಸ್ಸು ಹೋಗುತ್ತದೆ.

ಮುಂದಿನ ದಾರಿಯೆಲ್ಲ 40ರ ವೇಗದಲ್ಲಿ. ಎಡಗೈ ಕ್ಲಚ್ಚಿನ ಮೇಲೆ, ಕಿವಿ ಮಂಡಿಯ ಹತ್ತಿರ. ಇಳಿಜಾರಿನಲ್ಲೂ ಆಕ್ಸಿಲರೇಟರ್ ಪೂರ್ತಿ ಮುಚ್ಚುವುದಿಲ್ಲ. ಪೆಟ್ರೋಲು ನಿಂತರೆ ಅದರ ಜೊತೆ ಎಣ್ಣೆಯೂ ನಿಲ್ಲುತ್ತದೆ. 9.05ಕ್ಕೆ ಶಾಲೆಯ ಗೇಟು. ಪರೀಕ್ಷಾ ಕೊಠಡಿಯಲ್ಲಿ ಮೊದಲ ಬೆಂಚಿನ ಹುಡುಗ ಬರೆಯುವುದು ನಿಲ್ಲಿಸಿ, ಮೂಗರಳಿಸಿ ನಿಮ್ಮತ್ತ ನೋಡುತ್ತಾನೆ.

ಸಂಜೆ ಅದೇ ತಿರುವಿನಲ್ಲಿ ಗಾಡಿ ನಿಲ್ಲಿಸುತ್ತೀರಿ. ಡಬ್ಬದಲ್ಲಿ ಹೊಸ ಪೆಟ್ರೋಲು, ಚೀಲದಲ್ಲಿ ಹಳೇಬೀಡಿನಲ್ಲಿ ಕೊಂಡ ಎಣ್ಣೆ, ಕೈಯಲ್ಲಿ ತೊಳೆದ ಸೀಸೆ. ಅಜ್ಜಿ ಅದನ್ನು ತೆಗೆದುಕೊಂಡು ಜಗಲಿಯಲ್ಲಿ ಕೂತು ನೋಡುತ್ತಾರೆ.

"ಹಸುಗೂಸಿಗೆ ಔಷ್ದಿ ಹಾಕ್ದಂಗೆ ಹಾಕ್ತೀಯಲ್ಲಪ್ಪ!"

ನೀವು ಉತ್ತರ ಕೊಡುವುದಿಲ್ಲ. ಒಂಬತ್ತು, ಹತ್ತು. ಮಾತಾಡಿದರೆ ಲೆಕ್ಕ ತಪ್ಪುತ್ತದೆ.