ಕಪಿಲೆಯ ದಂಡೆಯಲ್ಲಿ ಅಮೆರಿಕದ ಚಕ್ರಗಳು

ಮೈಸೂರು ಜಿಲ್ಲೆಯ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಮೈಸೂರಿನಿಂದ ಪೂರ್ವದ ಕಡೆಗೆ ತಿರುಮಕೂಡಲು ನರಸೀಪುರ, ದಕ್ಷಿಣಕ್ಕೆ ನಂಜನಗೂಡು. ಎರಡೂ ಕಪಿಲೆಯ ದಂಡೆಯ ಊರುಗಳು, ಎರಡೂ ದೇವರ ಹೆಸರಿನಿಂದಲೇ ಪ್ರಸಿದ್ಧವಾದ ಊರುಗಳು. ಕಲ್ಲಿಕೋಟೆಯಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರಗಳನ್ನು ದಾರದಲ್ಲಿ ಪೋಣಿಸಿದಂತೆ ಪೋಣಿಸಿಕೊಂಡು ಕೊಳ್ಳೇಗಾಲ ಮುಟ್ಟುವ ಒಂದೇ ರಾಷ್ಟ್ರೀಯ ಹೆದ್ದಾರಿ ಎರಡನ್ನೂ ಕೂಡಿಸುತ್ತದೆ. ಹಿಂದೆ ಅದರ ಸಂಖ್ಯೆ 212, ಈಗ 766.

ಈ ರಸ್ತೆಯಲ್ಲಿ ಓಡುವ ಕಾರುಗಳ ಹೆಸರನ್ನು ಇಂದಿನ ಮಕ್ಕಳು ದೂರದಿಂದಲೇ ಗುರುತಿಸಿ ಹೇಳುತ್ತಾರೆ. ಆದರೆ ಅವರ ಮುತ್ತಾತಂದಿರು ಹುಡುಗರಾಗಿದ್ದಾಗ, ಎಂದರೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ, ಮೈಸೂರು ಸಂಸ್ಥಾನದ ಮಣ್ಣುರಸ್ತೆಗಳಲ್ಲಿ ಕೆಂಧೂಳು ಎಬ್ಬಿಸುತ್ತಿದ್ದ ಹೆಸರುಗಳೇ ಬೇರೆ: ಫೋರ್ಡ್, ಷೆವರ್ಲೆ, ಡಾಡ್ಜ್, ಬ್ಯೂಕ್. ನಾಡನ್ನು ಆಳುತ್ತಿದ್ದವರು ಇಂಗ್ಲಿಷರು, ರಸ್ತೆಯಲ್ಲಿ ಓಡುತ್ತಿದ್ದದ್ದು ಅಮೆರಿಕದ ಗಾಡಿ! ಇದು ಹೇಗಾಯಿತು, ಆ ಗಾಡಿಗಳು ಎಲ್ಲಿ ಹೋದವು ಎಂದು ಕೇಳಿಕೊಳ್ಳುತ್ತಾ ಈ ಎರಡು ಊರುಗಳನ್ನು ಒಂದು ಸುತ್ತು ಹಾಕಿ ಬಂದರೆ ಪಠ್ಯಪುಸ್ತಕದಲ್ಲಿ ಸಿಗದ ಒಂದಿಷ್ಟು ಚರಿತ್ರೆ ಸಿಗುತ್ತದೆ.

ರೈಲಿಲ್ಲದ ಊರಿಗೆ ಮೋಟಾರು

ಮೊದಲು ನರಸೀಪುರಕ್ಕೆ ಹೋಗೋಣ. ಮೈಸೂರಿನಿಂದ ಸುಮಾರು 30 ಕಿ.ಮೀ. ಗದ್ದೆಬಯಲು, ತೆಂಗಿನ ತೋಟಗಳನ್ನು ದಾಟಿದರೆ ಕಾವೇರಿ-ಕಪಿಲೆಯರ ಸಂಗಮ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ಗುಂಜಾ ನರಸಿಂಹಸ್ವಾಮಿ, ಅಗಸ್ತ್ಯೇಶ್ವರ ದೇವಾಲಯಗಳು ಹೊಳೆಯ ಆಚೀಚೆ ನಿಂತಿವೆ. 1989ರಲ್ಲಿ ಆರಂಭವಾದ ಇಲ್ಲಿನ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತು.

ಇಷ್ಟೆಲ್ಲ ಜನ ಬಂದುಹೋಗುವ ಊರಿಗೆ ಇಂದಿಗೂ ರೈಲಿಲ್ಲ. ನಂಜನಗೂಡಿಗಾದರೋ 1891ರಲ್ಲೇ ಮೈಸೂರಿನಿಂದ ಹಳಿ ಬಂದಿತ್ತು. ನಂಜನಗೂಡಿನವರಿಗೆ ಮೋಟಾರು ಎಂದರೆ ರೈಲಿನ ಜೊತೆಗೆ ಸಿಕ್ಕ ಇನ್ನೊಂದು ಸೌಕರ್ಯ. ನರಸೀಪುರದಂಥ ಊರುಗಳಿಗೆ ಮಾತ್ರ ಎತ್ತಿನ ಗಾಡಿ ಬಿಟ್ಟರೆ ಮೋಟಾರೇ. ಹೆರಿಗೆ ನೋವಿನವಳನ್ನು ಮೈಸೂರಿಗೆ ಒಯ್ಯಬೇಕೆ, ಕೋರ್ಟಿನ ವಾಯಿದೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆ, ಹುಡುಗನನ್ನು ಹೈಸ್ಕೂಲಿಗೆ ಸೇರಿಸಬೇಕೆ, ಎಲ್ಲಕ್ಕೂ ಅದೇ ದಾರಿ. ಹಳೆಯ ಕಾರುಗಳೆಂದರೆ ಶ್ರೀಮಂತರ ಷೋಕಿ ಎಂದುಕೊಳ್ಳುವವರು ಇದನ್ನು ಮರೆಯಬಾರದು. ಅರಮನೆಯ ರೋಲ್ಸ್ ರಾಯ್ಸ್, ಡೈಮ್ಲರ್‌ಗಳ ಮಾತು ಬೇರೆ. ಹಳ್ಳಿಗಾಡಿನ ರಸ್ತೆಗೆ ಬಂದ ಅಮೆರಿಕದ ಚಕ್ರಗಳು ಹೆಚ್ಚಾಗಿ ದುಡಿಯುವ ಚಕ್ರಗಳು: ಬಾಡಿಗೆ ಕಾರು, ಸರ್ವಿಸ್ ಬಸ್ಸು, ಸಾಮಾನಿನ ಲಾರಿ.

ಅಮೆರಿಕದ್ದೇ ಏಕೆ?

ಇಂಗ್ಲೆಂಡಿನಲ್ಲಿ ಬಹುಕಾಲ ಕಾರಿನ ತೆರಿಗೆಯನ್ನು ಎಂಜಿನ್ ಸಿಲಿಂಡರಿನ ಅಗಲ ಅಳೆದು ಹಾಕುತ್ತಿದ್ದರು. ತೆರಿಗೆ ಉಳಿಸಲೆಂದು ಅಲ್ಲಿನವರು ಸಿಲಿಂಡರನ್ನು ಸಪೂರ ಮಾಡಿದರು, ಎಂಜಿನ್ನು ಸಣ್ಣದಾಯಿತು. ಡಾಂಬರು ರಸ್ತೆಗೆ ಅದು ಸಾಕು. ಆದರೆ ಹಳ್ಳ ದಾಟಿ, ದಿಣ್ಣೆ ಏರಿ, ಗಾಡಿಜಾಡಿನ ನಡುವೆ ಹೋಗಬೇಕಾದ ನಮ್ಮ ರಸ್ತೆಗೆ ಬೇಕಿದ್ದದ್ದು ಬಲವಾದ ಎಂಜಿನ್ನು, ನೆಲದಿಂದ ಎತ್ತರಕ್ಕಿರುವ ಹೊಟ್ಟೆ. ಅಮೆರಿಕದ ಹಳ್ಳಿಯ ರಸ್ತೆಗಳೂ ಆಗ ನಮ್ಮಂತೆಯೇ ಕೆಸರು, ಧೂಳು. ಅಲ್ಲಿನ ರೈತನಿಗಾಗಿ ಕಟ್ಟಿದ ಕಾರು ಇಲ್ಲಿನ ರೈತನ ರಸ್ತೆಗೂ ಹೊಂದಿಕೊಂಡಿತು.

ಎರಡನೆಯ ಕಾರಣ ಬೆಲೆ. ಹೆನ್ರಿ ಫೋರ್ಡ್ 1908ರಲ್ಲಿ 'ಮಾಡೆಲ್ ಟಿ' ಕಾರನ್ನು ಸುಮಾರು 850 ಡಾಲರಿಗೆ ಮಾರಲು ಹೊರಟರು. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಕೆಲಸಗಾರ ನಿಂತಲ್ಲೇ ನಿಂತು, ಕಾರು ಅವನ ಮುಂದೆ ಸಾಗುವ ಪದ್ಧತಿ ಬಂತು. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1925ರ ಹೊತ್ತಿಗೆ ಅದೇ ಮಾಡೆಲಿನ ಅತಿ ಅಗ್ಗದ ಕಾರು 260 ಡಾಲರಿಗೆ ಸಿಗುತ್ತಿತ್ತು. 1927ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಹೊರಬಂದದ್ದು ಒಂದೂವರೆ ಕೋಟಿ ಕಾರು!

ಭಾರತಕ್ಕೆ ಬರುತ್ತಿದ್ದ ಫೋರ್ಡ್‌ಗಳು ಕೆನಡಾದ ಕಾರ್ಖಾನೆಯಿಂದ ಬರುತ್ತಿದ್ದವು. ಕೆನಡಾ ಬ್ರಿಟಿಷ್ ಸಾಮ್ರಾಜ್ಯದ ಭಾಗ, ಜೊತೆಗೆ ನಮಗೆ ಬೇಕಾದಂತೆ ಬಲಗಡೆಯ ಸ್ಟಿಯರಿಂಗ್. 1926ರಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ತನ್ನ ಶಾಖೆ ತೆರೆಯಿತು. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯ ಶಿವಡಿಯಲ್ಲಿ ಷೆವರ್ಲೆಗಳನ್ನು ಜೋಡಿಸತೊಡಗಿತು. ಬಸ್ಸಿನ ವಿಷಯದಲ್ಲಿ ಅಲ್ಲಿಂದ ಬರುತ್ತಿದ್ದದ್ದು ಎಂಜಿನ್ನು, ಚಕ್ರ ಮತ್ತು ಅಡಿಯ ಉಕ್ಕಿನ ಚೌಕಟ್ಟು ಮಾತ್ರ. ಮೇಲಿನ ಮೈಯನ್ನು ಮರ, ತಗಡುಗಳಿಂದ ಕಟ್ಟುತ್ತಿದ್ದವರು ನಮ್ಮ ಬಡಗಿಗಳು. ಮೂಗು ಅಮೆರಿಕದ್ದು, ಮೈ ನಮ್ಮೂರಿನದು!

ಆ ಗಾಡಿಗಳನ್ನು ಎಬ್ಬಿಸುವುದೇ ಒಂದು ವಿದ್ಯೆ. ಮುಂದಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಎಂಜಿನ್ನು ಒಮ್ಮೊಮ್ಮೆ ಹಿಮ್ಮುಖವಾಗಿ ಒದ್ದು ಕೈ ಮುರಿಯುವುದೂ ಉಂಟು. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಪಂಪಿಲ್ಲದೆ ಪೆಟ್ರೋಲು ತಾನಾಗಿಯೇ ಎಂಜಿನ್ನಿಗೆ ಹರಿದು ಹೋಗಬೇಕಿತ್ತು. ಕಡಿದಾದ ಏರಿನಲ್ಲಿ ಟ್ಯಾಂಕಿಗಿಂತ ಎಂಜಿನ್ನೇ ಮೇಲಾಗಿ ಪೆಟ್ರೋಲು ನಿಲ್ಲುತ್ತಿತ್ತು. ಆಗ ಡ್ರೈವರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದ. ವಿಜ್ಞಾನದ ಮೇಷ್ಟರಿಗೆ ಗುರುತ್ವಾಕರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಸೇತುವೆಯೂ ಇದ್ದಿಲ ಬಸ್ಸೂ

ನರಸೀಪುರದಿಂದ ನಂಜನಗೂಡಿಗೆ ಬಂದರೆ ಮತ್ತೆ ಕಪಿಲೆ ಸಿಗುತ್ತಾಳೆ. ಶ್ರೀಕಂಠೇಶ್ವರನ ಗೋಪುರ, ರಸಬಾಳೆ, ಹಲ್ಲುಪುಡಿ ಇವು ಎಲ್ಲರಿಗೂ ಗೊತ್ತಿರುವ ನಂಜನಗೂಡು. ಹೊಳೆಗೆ ಅಡ್ಡಲಾಗಿರುವ ಹಳೆಯ ಕಲ್ಲಿನ ಸೇತುವೆಯನ್ನು ನಿಂತು ನೋಡುವವರು ಕಡಿಮೆ. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ್ದೆಂದು ಹೆಸರಾದದ್ದು. ಆಗ ಅಮೆರಿಕ ಎಂಬ ಸ್ವತಂತ್ರ ದೇಶವೇ ಇನ್ನೂ ಹುಟ್ಟಿರಲಿಲ್ಲ. ಎತ್ತಿನ ಗಾಡಿ, ಕುದುರೆಗಳಿಗಾಗಿ ಕಟ್ಟಿದ ಸೇತುವೆ ಮುಂದೆ ರೈಲನ್ನೂ ರಸ್ತೆಯನ್ನೂ ಒಟ್ಟಿಗೆ ಹೊತ್ತಿತು. ಬ್ರಾಡ್‌ಗೇಜ್ ಹಳಿ ಹಾಕಿದ ಮೇಲೆ ರೈಲಿಗೆ ಬೇರೆ ಸೇತುವೆ ಬಂತು. ಮೈಸೂರಿನ ಮಹಾರಾಜರು ಬೇಸಿಗೆಗೆ ಊಟಿಯ ಫರ್ನ್‌ಹಿಲ್ ಅರಮನೆಗೆ ಹೋಗುವ ದಾರಿಯೂ ನಂಜನಗೂಡಿನ ಮೇಲೆಯೇ.

ಯುದ್ಧ ಬಂದಾಗ ಈ ರಸ್ತೆಯ ಚಿತ್ರವೇ ಬದಲಾಯಿತು. 1942ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಖಾನೆಗಳು ಜನರಿಗಾಗಿ ಕಾರು ಮಾಡುವುದನ್ನು ನಿಲ್ಲಿಸಿ ಟ್ಯಾಂಕು, ವಿಮಾನಗಳಿಗೆ ತಿರುಗಿದವು. ಹೊಸ ಗಾಡಿ ಇಲ್ಲ, ಬಿಡಿಭಾಗ ಇಲ್ಲ. ಅದೇ ವರ್ಷ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಪೆಟ್ರೋಲಿಗೆ ರೇಷನ್. ಆಗ ಹುಟ್ಟಿಕೊಂಡದ್ದೇ ಇದ್ದಿಲ ಬಸ್ಸು, ಜನರ ಬಾಯಲ್ಲಿ 'ಗ್ಯಾಸ್ ಬಸ್ಸು'.

ಬಸ್ಸಿನ ಹಿಂಭಾಗಕ್ಕೆ ಹಂಡೆಯಂಥ ಒಲೆ. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಚ್ಚಿ, ಪೂರ್ತಿ ಉರಿಯಲು ಸಾಲದಷ್ಟೇ ಗಾಳಿ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಕೊಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಕ್ಲೀನರ್ ಹುಡುಗ ಬೆಳಗಿನ ಜಾವವೇ ಎದ್ದು ಗಾಳಿಯ ರಾಟೆ ತಿರುಗಿಸಿ ಕೆಂಡ ಮಾಡಬೇಕು. ಮೈಯೆಲ್ಲ ಮಸಿ. ಇಷ್ಟಾದರೂ ಎಂಜಿನ್ನಿಗೆ ಬರುತ್ತಿದ್ದ ಶಕ್ತಿ ಪೆಟ್ರೋಲಿಗಿಂತ ಬಹಳ ಕಡಿಮೆ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಬೇಕಾದರೆ ತಳ್ಳಬೇಕು! ಟಿಕೆಟ್ಟಿಗೆ ದುಡ್ಡು ಕೊಟ್ಟು ಬಸ್ಸು ತಳ್ಳಿದ ಕಥೆಯನ್ನು ಹಳಬರು ನಗುತ್ತಾ ಹೇಳುತ್ತಿದ್ದರು. ಆದರೆ ಆ ನಗೆಯ ಹಿಂದೆ ಒಂದು ಹೆಮ್ಮೆಯೂ ಇತ್ತು. ಡೆಟ್ರಾಯಿಟಿನ ಎಂಜಿನಿಯರು ಪೆಟ್ರೋಲಿಗಾಗಿ ಮಾಡಿದ ಎಂಜಿನ್ನನ್ನು ನಮ್ಮ ಮೆಕ್ಯಾನಿಕ್ಕುಗಳು ಸೌದೆ ಸುಟ್ಟ ಇದ್ದಿಲಿನಿಂದ ವರ್ಷಗಟ್ಟಲೆ ಓಡಿಸಿದರು. ಮುರಿದ ಭಾಗವನ್ನು ಬೆಸೆದರು, ಸಿಗದ ಭಾಗವನ್ನು ಲೇತಿನಲ್ಲಿ ತಾವೇ ಕಡೆದರು.

ಎಲ್ಲಿ ಹೋದವು?

ಸ್ವಾತಂತ್ರ್ಯದ ನಂತರ, 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಹಳೆಯ ಖಾಸಗಿ ಬಸ್ಸುಗಳು ಒಂದೊಂದಾಗಿ ಮೂಲೆ ಸೇರಿದವು. ಅರಮನೆಯ ಕಾರಿಗೆ ಷೆಡ್ಡು ಇತ್ತು, ಉಳಿಯಿತು. ದುಡಿದ ಗಾಡಿಗೆ ಗುಜರಿಯೇ ಗತಿ.

ಆದರೂ ಅವು ಸುಮ್ಮನೆ ಮಾಯವಾಗಲಿಲ್ಲ. ಮೋಟಾರಿನ ಅಚ್ಚು, ಚಕ್ರಗಳು ಎತ್ತಿನ ಗಾಡಿಗೆ ಸೇರಿ 'ಟೈರ್ ಗಾಡಿ' ಆಯಿತು. ಮರದ ಚಕ್ರ ಎಳೆಯುತ್ತಿದ್ದ ಎತ್ತುಗಳ ಹೆಗಲಿಗೆ ಅದರಿಂದ ಎಷ್ಟು ಹಗುರವಾಯಿತೆಂಬುದು ಕಬ್ಬು ಸಾಗಿಸಿದವರಿಗೆ ಗೊತ್ತು. ಸವೆದ ಟೈರು ಕೂಲಿಕಾರರ ಕಾಲಿಗೆ ಚಪ್ಪಲಿಯಾಯಿತು. ಕಮಾನು ಪಟ್ಟಿಯ ಉಕ್ಕು ಕುಲುಮೆಗೆ ಹೋಗಿ ಮಚ್ಚಾಯಿತು. ಒಂದು ಗಾಡಿ ಸತ್ತು ಹತ್ತು ಮನೆಯ ಸಾಮಾನಾಯಿತು.

ಮಾತಿನಲ್ಲೂ ಅವು ಉಳಿದಿವೆ. ಕಾರಿನ ಹಿಂದಿನ ಸಾಮಾನಿನ ಜಾಗವನ್ನು ನಾವು 'ಡಿಕ್ಕಿ' ಎನ್ನುತ್ತೇವಲ್ಲ, ಅದು ಹಳೆಯ ಕಾರುಗಳ ಹಿಂಬದಿಯಲ್ಲಿ ತೆರೆದುಕೊಳ್ಳುತ್ತಿದ್ದ ಹೆಚ್ಚುವರಿ ಸೀಟಿನ ಹೆಸರು. 'ಸ್ಟೆಪ್ನಿ' ಎಂಬುದು ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲಿ ಎಂಬ ಊರಿನ ಒಂದು ಬೀದಿಯ ಹೆಸರು. ಬದಲಿ ಚಕ್ರ ಮಾಡುವ ಕಂಪನಿ ಆ ಬೀದಿಯಲ್ಲಿತ್ತು. ವಾಹನ ಅಮೆರಿಕದ್ದು, ಅದರ ಅಂಗಾಂಗಗಳ ಹೆಸರು ಬ್ರಿಟನ್ನಿನದು, ಆಡುವ ನಾಲಗೆ ಕನ್ನಡದ್ದು!

ಕಡಕೊಳದ ದಾರಿಯಲ್ಲಿ ಒಂದು ಕನಸು

ನಂಜನಗೂಡಿನಿಂದ ಮೈಸೂರಿಗೆ ಮರಳುವಾಗ ಕಡಕೊಳ ಸಿಗುತ್ತದೆ. ಅಲ್ಲಿಯೇ ಸಮೀಪದ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆಯಿದೆ. ಇಲ್ಲಿ ಒಂದು ಹಳೆಯ ಕನಸನ್ನು ನೆನೆಯಬೇಕು.

ಅಮೆರಿಕದ ಕಾರು ಕೊಂಡು ಓಡಿಸುವುದು ಒಂದು, ಕಾರನ್ನು ನಾವೇ ಮಾಡುವುದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 1930ರ ದಶಕದ ಮಧ್ಯದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಅಮೆರಿಕಕ್ಕೆ ಹೋಗಿ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಬೊಂಬಾಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಯಿತು. ಮೈಸೂರು ಸರ್ಕಾರವೂ ಆಸಕ್ತಿ ತೋರಿತು. ಆದರೆ ಬ್ರಿಟಿಷ್ ಸರ್ಕಾರದಿಂದ ಬೇಕಾದ ನೆರವು ಬರಲಿಲ್ಲ. ಕಾರಿನ ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಕೈಗೂಡಲಿಲ್ಲ.

ಅದರ ಬದಲು ಬಂದದ್ದು ವಿಮಾನ! 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಕೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅದಕ್ಕೆ ನೆರವಾದವರು ಅಮೆರಿಕದ ವಿಲಿಯಂ ಪಾಲಿ. ಕಾರಿನ ಕನಸನ್ನು ವಾಲ್‌ಚಂದ್ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ ಪೂರೈಸಿಕೊಂಡರು. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಇಂದು ಕಡಕೊಳದ ರಸ್ತೆಯಲ್ಲಿ ಪಾಳಿ ಮುಗಿಸಿ ಹೊರಬರುವ ಕೆಲಸಗಾರರಲ್ಲಿ ನಂಜನಗೂಡು, ನರಸೀಪುರ ಸೀಮೆಯ ಹುಡುಗರನ್ನು ಕಂಡಾಗ, ನಾಲ್ಕು ಚಕ್ರದ ಕನಸು ಎರಡು ಚಕ್ರದಲ್ಲಾದರೂ ಈ ಊರಿಗೆ ಬಂತಲ್ಲ ಎನಿಸುತ್ತದೆ.

ಹಳೆಯ ಕಾರುಗಳ ಮೋಹ ಈಗ ಮತ್ತೆ ಹೆಚ್ಚಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಪ್ರದರ್ಶನ, ರ್‍ಯಾಲಿಗಳಿಗೆ ತರಬಹುದು, ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಧರ್ಮಾಧಿಕಾರಿಗಳು ಕಟ್ಟಿಸಿದ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಣ್ತುಂಬ ನೋಡಬಹುದು. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದಲೂ ಇದೆ. ರಜೆಯಲ್ಲಿ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ.

ಆದರೆ ಅಲ್ಲಿ ಹೊಳೆಯುವ ಕಾರಿನ ಮುಂದೆ ಫೋಟೊ ತೆಗೆದ ಮೇಲೆ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಿ. ಅದರ ಜೊತೆಯಲ್ಲೇ ಹಡಗಿನಿಂದ ಇಳಿದು, ಮರದ ಮೈ ತೊಟ್ಟು, ಇದ್ದಿಲು ತಿಂದು, ಕೊನೆಗೆ ಟೈರ್ ಗಾಡಿಯೂ ಮಚ್ಚೂ ಚಪ್ಪಲಿಯೂ ಆಗಿಹೋದ ಗಾಡಿಗಳಿದ್ದವು ಎಂದು ತಿಳಿಸಿ. ಅವುಗಳಿಗೆ ಸಂಗ್ರಹಾಲಯದಲ್ಲಿ ಜಾಗ ಸಿಗಲಿಲ್ಲ. ಮನೆಯಲ್ಲಿ ಎಂಬತ್ತು, ತೊಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಅವರ ಪಕ್ಕ ಕೂರಿಸಿ. ಮೊದಲ ಸಲ ಬಸ್ಸು ಹತ್ತಿದ್ದು ಯಾವಾಗ, ಟಿಕೆಟ್ಟಿಗೆ ಎಷ್ಟು ಕಾಸು, ಏರಿನಲ್ಲಿ ಇಳಿದು ತಳ್ಳಿದ್ದುಂಟೆ ಎಂದು ಕೇಳಿ ಬರೆದುಕೊಳ್ಳಲಿ. ಕೇಳಲು ಇನ್ನು ಬಹಳ ವರ್ಷಗಳಿಲ್ಲ.